ತುಂಬಿದ ಕೊಡಕ್ಕೆ ತುಂಡಾಗುವ ದಾರ

ಹೊಸ ಗಾಳದ ದಾರಕ್ಕೆ ಒಂದು ವಾಸನೆ ಇದೆ. ಮೊದಲ ಮಳೆಗೆ ಅಂಗಡಿಯಿಂದ ತಂದು ಮಡಿಕೆ ಬಿಚ್ಚಿದ ರೈನ್‌ಕೋಟಿನ ವಾಸನೆಗೆ ಅದು ಹತ್ತಿರ. ಜೊತೆಗೆ ಎಲ್ಲೋ ಒಂದಿಷ್ಟು ಸೀಮೆಎಣ್ಣೆಯ ಕಮಟು. ಕಳೆದ ಮಹಾಲಯ ಅಮಾವಾಸ್ಯೆಗೆ, ಹಿರಿಯರಿಗೆ ಎಡೆ ಇಡುವ ಹೊತ್ತಿಗೆ ತವರಿನಲ್ಲಿರಬೇಕೆಂದು ಮೂರ್ನಾಡಿನಿಂದ ಬಸ್ಸು ಹತ್ತಿ ಹೋದವಳಿಗೆ ಬಾಗಿಲಲ್ಲೇ ಎದುರಾದದ್ದು ಈ ವಾಸನೆ. ತವರು ಎಂದರೆ ಕುಶಾಲನಗರದಿಂದ ದುಬಾರೆಯ ಕಡೆಗೆ ಹೋಗುವಾಗ ಸಿಗುವ ಕಾವೇರಿಯ ದಂಡೆ. ಅಜ್ಜ ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿ ಮನೆ ಕಟ್ಟಿದ್ದ. ಆ ಮನೆ ಈಗಿಲ್ಲ. ಚಿಕ್ಕಪ್ಪನ ಮಗ ಮಂಜು ಅದನ್ನು ಕೆಡವಿ ಹೋಂಸ್ಟೇ ಕಟ್ಟಿದ್ದಾನೆ. ಕೆಡವಿದ್ದಕ್ಕೆ ನನ್ನ ತಕರಾರಿಲ್ಲ. ಗೆದ್ದಲು ಹಿಡಿದ ತೊಲೆಯ ಕೆಳಗೆ ಹೆಂಡತಿ ಮಕ್ಕಳನ್ನು ಮಲಗಿಸು ಎಂದು ಯಾರೂ ಯಾರಿಗೂ ಹೇಳಲಾರರು. ಆದರೆ ಅವತ್ತು ಅಲ್ಲಿ ಕಂಡದ್ದಕ್ಕೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಹಿಂದೆ ನಮ್ಮ ಜಗಲಿ ಇದ್ದ ಜಾಗದಲ್ಲಿ ಈಗ ಒಂದು ಗಾಜಿನ ಕಪಾಟು. ಮೀನು ಹಿಡಿಯಲು ಬರುವ ಅತಿಥಿಗಳಿಗೆಂದು ಅದರ ತುಂಬ ದಾರದ ಉಂಡೆಗಳು: ಬಿಳಿ, ಹಸಿರು, ಕಣ್ಣಿಗೆ ಹೊಡೆಯುವ ಹಳದಿ. ಮಂಜು ಒಂದೊಂದನ್ನೇ ತೆಗೆದು ತೋರಿಸಿದ. "ಇದು ನೋಡಕ್ಕ, ಎಳುದ್ರೆ ಒಂಚೂರು ಹಿಗ್ತದೆ. ಈ ಹೆಣೆದಿರೋದು ಐತಲ್ಲ, ಜಪ್ಪಯ್ಯ ಅಂದ್ರೂ ಹಿಗ್ಗಲ್ಲ. ಮೀನು ಮೂಸಿದ್ರೂ ಕೈಗೆ ಗೊತ್ತಾಯ್ತದೆ, ಆದ್ರೆ ಬಂಡೆಗೆ ಉಜ್ಜಿದ್ರೆ ಹೋಯ್ತು. ಇದು ನೀರಿಗೆ ಬಿದ್ರೆ ಕಣ್ಣಿಗೇ ಕಾಣಲ್ಲ." ನಮ್ಮ ಹೊಳೆಯ ಬಿಳಿಮೀನಿಗೆ, ಅಂದರೆ ಪೇಟೆಯವರು ಮಹಶೀರ್ ಎನ್ನುವ ಆ ದೊಡ್ಡ ಮೀನಿಗೆ, ಯಾವುದನ್ನು ಕೊಡುತ್ತೀಯ ಎಂದೆ. "ಎಂಬತ್ತು ಪೌಂಡ್ ತೂಕ ತಡಿಯೋದು. ದುಬಾರೆ ಆನೆ ಕಟ್ಟುದ್ರೂ ಕಿತ್ತೋಗಲ್ಲ" ಎಂದು ಉಂಡೆಯನ್ನು ನನ್ನ ಕೈಗಿಟ್ಟ. ಅದನ್ನು ಮೂಗಿನ ಹತ್ತಿರ ತಂದದ್ದೇ ತಡ, ಗೌರತ್ತೆ ಪಕ್ಕದಲ್ಲಿ ಬಂದು ನಿಂತಂತಾಯಿತು.

ಗೌರತ್ತೆ ಅಪ್ಪನ ಅಕ್ಕ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಮರಳಿದವಳು. ಮರಳಿದವಳೆಂದು ಮೂಲೆ ಸೇರಲಿಲ್ಲ. ಗದ್ದೆಯ ನೀರು, ಹಸುವಿನ ಹಾಲು, ನಮ್ಮ ತಲೆಯ ಹೇನು, ಎಲ್ಲಕ್ಕೂ ಅವಳದೇ ಯಜಮಾನಿಕೆ. ಸಂಜೆ ಕೆಲಸ ಮುಗಿಸಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಉಂಡೆ ಕಟ್ಟಿಕೊಂಡು, ಬಿದಿರಿನ ಕೋಲು ಹಿಡಿದು ಹೊಳೆಗೆ ಇಳಿಯುತ್ತಿದ್ದಳು. ಹೆಂಗಸು ಗಾಳ ಹಾಕುವುದೇ ಎಂದು ಆಡಿಕೊಂಡವರ ಮನೆಗೂ ಅವಳು ಹಿಡಿದ ಗೆಂಡೆಮೀನಿನ ಸಾರು ಹೋಗುತ್ತಿತ್ತು. ಆಡಿಕೊಂಡ ಬಾಯಲ್ಲೇ ಅವರು ಅದನ್ನು ಚಪ್ಪರಿಸುತ್ತಿದ್ದರು. ಅವಳು ಮಾಡುವ ಸಾರಿಗೆ ಕಾಚಂಪುಳಿ ಬೀಳುತ್ತಿತ್ತು, ಪಕ್ಕದ ಎಸ್ಟೇಟಿನ ಲೈನುಮನೆಯ ಹೆಂಗಸರಿಂದ ಕಲಿತದ್ದು; ಆ ಕಪ್ಪು ಹುಳಿಯ ಪರಿಮಳ ಒಲೆಯಿಂದ ಎದ್ದು ಹಜಾರ ದಾಟಿ, ಕೊಟ್ಟಿಗೆಯ ಗಂಜಲದ ವಾಸನೆಯ ಜೊತೆ ಸೇರಿ, ಓದಲು ಕೂತ ನಮ್ಮನ್ನು ಪುಸ್ತಕದಿಂದ ಎಬ್ಬಿಸುತ್ತಿತ್ತು. ಅಂಥ ಹಸಿವು ನನಗೆ ಮತ್ತೆ ಆಗಿಲ್ಲ.

ದಾರದ ವಿಷಯದಲ್ಲಿ ಮಾತ್ರ ಅವಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಕೋಲಿನಿಂದ ಇಳಿಯುವ ದಾರ ಸ್ವಲ್ಪ ದಪ್ಪದ್ದು. ಗಾಳದ ಬಳಿ ಬರುವ ಕೊನೆಯ ಒಂದು ಮೊಳ ಮಾತ್ರ ಬೇರೆ, ತೆಳುವಾದದ್ದು. ಆ ಮೊಳದ ದಾರಕ್ಕೆ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ಇತ್ತು. ಹೊಸ ದಾರ ತಂದಾಗಲೆಲ್ಲ ಹಿತ್ತಲ ಹಲಸಿನ ಕೊಂಬೆಗೆ ಅದನ್ನು ಕಟ್ಟಿ, ಇನ್ನೊಂದು ತುದಿಗೆ ಹಿತ್ತಾಳೆಯ ಕೊಡವನ್ನು ನೇತುಹಾಕುವುದು. ಕೆಳಗೆ ಹುಲ್ಲಿನ ಮೆತ್ತೆ. ಚೊಂಬಿನಲ್ಲಿ ನೀರು ಸುರಿಯುವ ಕೆಲಸ ನನ್ನದು. ಅರ್ಧ ಕೊಡದವರೆಗೆ ದಾರ ತಾಳಬೇಕು. ಕಂಠದವರೆಗೆ ತುಂಬುವಷ್ಟರಲ್ಲಿ ತುಂಡಾಗಬೇಕು. ಅರ್ಧಕ್ಕೇ ತುಂಡಾದರೆ ಆ ದಾರ ಹೂವಿನ ಮಾಲೆಗೆ ಹೋಗುತ್ತಿತ್ತು. ತುಂಬಿದರೂ ತುಂಡಾಗದಿದ್ದರೆ ಅವರೆಯ ಚಪ್ಪರಕ್ಕೆ. ಟಪ್ಪೆಂದು ಕಿತ್ತು ಕೊಡ ಹುಲ್ಲಿನ ಮೇಲೆ ಬಿದ್ದು ನೀರು ನಮ್ಮ ಲಂಗದ ತುಂಬ ಹಾರಿದಾಗ ಅತ್ತೆಯ ಮುಖ ಅರಳುತ್ತಿತ್ತು. ದಾರ ಕಿತ್ತುಹೋದರೆ ಬೇರೆಯವರು ಬೈದುಕೊಳ್ಳುತ್ತಾರೆ, ನಮ್ಮ ಅತ್ತೆ ನಗುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದಳು: "ಅರ್ಧ ಕೊಡ ತೂಗೋ ಮೀನು ನಮ್ಮನೆ ಮಡಕೆಗೆ ಸಾಕು ಕಣೇ. ಅದಕ್ಕಿಂತ ದೊಡ್ಡದು ಮರಿ ಮಾಡೋ ತಾಯಿ. ಅದು ಬಂದ್ರೆ ಕಿತ್ಕಂಡು ಹೋಗ್ಲಿ. ಗಾಳದ ಬುಡದಲ್ಲೇ ಕಿತ್ತೋದ್ರೆ ಅದ್ರ ಹಿಂದೆ ದಾರನೂ ಹೋಗಲ್ಲ."

ಮಂಜುವಿನ ಅಪ್ಪ, ನಮ್ಮ ಚಿಕ್ಕಪ್ಪ, ಆಗಿನ್ನೂ ಮದುವೆಯಾಗದ ಹುಡುಗಾಟದ ಮನುಷ್ಯ. ಅಕ್ಕನ ಈ ಪರೀಕ್ಷೆ ಅವನಿಗೆ ತಮಾಷೆ. ಒಮ್ಮೆ ಮಂಗಳೂರಿಗೆ ಹೋದವನು ಕಡಲಿನಲ್ಲಿ ಹಾಕುವ ದಪ್ಪ ನೈಲಾನ್ ದಾರ ತಂದ. ಕೊಡ ತುಂಬಿತು, ದಾರ ಅಲುಗಲಿಲ್ಲ. ಇನ್ನೊಂದು ಕೊಡ ಕಟ್ಟಿದ, ಆಗಲೂ ಇಲ್ಲ. ಕೊನೆಗೆ ನನ್ನನ್ನೇ ಗೋಣಿಚೀಲದಲ್ಲಿ ಕೂರಿಸಿ ತೂಗುಹಾಕಿದ. ನಾನು ಕೇಕೆ ಹಾಕಿ ನಕ್ಕೆ, ಅಜ್ಜಿಯೂ ನಕ್ಕಳು. ಅತ್ತೆ ಮಾತ್ರ, "ಆಟ ಆಡೋದಿದ್ರೆ ಆಡು. ಅದ್ನ ಹೊಳೆಗೆ ಮಾತ್ರ ಹಾಕ್ಬೇಡ ಕಣೋ" ಎಂದು ಒಳಗೆ ಹೋದಳು. ಅವನು ಹಾಕಿದ. ಮಳೆಗಾಲ ಕಳೆದು ಹೊಳೆ ತಿಳಿಯಾಗುತ್ತಿದ್ದ ದಿನಗಳು. ಬುಡದ ಮೊಳದ ತೆಳು ದಾರವನ್ನೂ ಬಿಟ್ಟು, ಗಾಳದವರೆಗೆ ಅದೇ ಕಡಲಿನ ದಾರವನ್ನು ಕಟ್ಟಿ, ಇನ್ನೊಂದು ತುದಿಯನ್ನು ದಂಡೆಯ ಅತ್ತಿಮರದ ಬೇರಿಗೆ ಬಿಗಿದು ಬಂದ. ಬೆಳಿಗ್ಗೆ ಎಳೆದರೆ ದಾರ ನೀರಿನಡಿ ಬಿದ್ದಿದ್ದ ಯಾವುದೋ ಮರಕ್ಕೆ ಸುತ್ತಿಕೊಂಡಿತ್ತು. ಎಷ್ಟು ಎಳೆದರೂ ಬರಲಿಲ್ಲ, ಕೀಳಲೂ ಇಲ್ಲ. ಕತ್ತಿಯಿಂದ ದಂಡೆಯ ಕಡೆ ಕೊಯ್ದು, ಕೈ ತೊಳೆದುಕೊಂಡು ಬಂದು ರೊಟ್ಟಿಗೆ ಕೂತ.

ಕೆಲವು ದಿನಗಳಲ್ಲಿ ನೀರು ಇಳಿಯಿತು. ಬಟ್ಟೆ ಒಗೆಯಲು ಹೋದ ಅತ್ತೆಯ ಜೊತೆ ನಾನಿದ್ದೆ. ಬಿದ್ದ ಮರದ ಕೊಂಬೆಗಳ ನಡುವೆ ಏನೋ ಬೆಳ್ಳಗೆ ಮಗುಚಿ, ಮತ್ತೆ ನೆಟ್ಟಗಾಗಿ, ಮತ್ತೆ ಮಗುಚುತ್ತಿತ್ತು. ಅತ್ತೆ ಒಗೆಯುತ್ತಿದ್ದ ಸೀರೆಯನ್ನು ಹೊಳೆಯ ಪಾಲು ಮಾಡಿ ಎದೆಮಟ್ಟದ ನೀರಿಗೆ ನುಗ್ಗಿದಳು. ಬಿಳಿಮೀನು. ನನ್ನಷ್ಟೇ ಉದ್ದ ಇತ್ತು. ದಾರ ಕೊಂಬೆಗೆ, ಕೊಂಬೆಯಿಂದ ರೆಕ್ಕೆಗೆ, ರೆಕ್ಕೆಯಿಂದ ಮತ್ತೆ ಕೊಂಬೆಗೆ ಸುತ್ತಿ, ಹುರುಪೆ ಎದ್ದು ಹೋಗಿ ಮಾಂಸ ಕಾಣುತ್ತಿತ್ತು. ಇಷ್ಟು ದಿನವೂ ಅದು ಅಲ್ಲೇ, ಕಟ್ಟಿಹಾಕಿದ ಕರುವಿನಂತೆ ಎಳೆದಾಡಿತ್ತು. ಅತ್ತೆ ಹಲ್ಲಿನಿಂದ ದಾರ ಕಡಿಯಲು ನೋಡಿದಳು, ಆಗಲಿಲ್ಲ. ನಾನು ಓಡಿ ಕುಡುಗೋಲು ತಂದುಕೊಟ್ಟೆ. ಬಿಡಿಸಿದ ಮೇಲೆ ಅದರ ಮುಖವನ್ನು ಹರಿವಿನ ಎದುರಿಗೆ ಹಿಡಿದು, ಬಾಣಂತಿಗೆ ನೀರು ಕುಡಿಸುವವಳ ಹಾಗೆ, ತುಂಬ ಹೊತ್ತು ನಿಂತಳು. ಕಿವಿರು ಒಂದೆರಡು ಸಲ ಆಡಿತು. ಆಮೇಲೆ ಆಡಲಿಲ್ಲ. ಮರಳಿನ ಮೇಲೆ ಎಳೆದು ತಂದಾಗ ಹೊಟ್ಟೆಯಿಂದ ಹಳದಿ ಮೊಟ್ಟೆಗಳು ಜಾರಿದವು. ಅಷ್ಟರಲ್ಲಿ ಊರೇ ನೆರೆದಿತ್ತು. "ಎಂಥಾ ಮೀನವ್ವಾ!" ಎಂದು ಕುಣಿಯುವವರು, ಪಾಲು ಕೇಳುವವರು. ಅತ್ತೆ ಮತ್ತೆ ನೀರಿಗಿಳಿದಳು. ಚಿಕ್ಕಪ್ಪ ದಂಡೆಯ ಮೇಲೇ ಉಳಿದ. ಮೀನನ್ನು ಊರವರು ಹಂಚಿಕೊಂಡು ತಿಂದರು, ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಅತ್ತೆ ಆ ವರ್ಷವಿಡೀ ಗಾಳ ಮುಟ್ಟಲಿಲ್ಲ.

ಇದೆಲ್ಲ ನೆನೆಯುತ್ತ ದಾರದ ಉಂಡೆಯನ್ನು ಕಪಾಟಿನಲ್ಲಿಟ್ಟು ತಲೆ ಎತ್ತಿದೆ. ಎದುರು ಗೋಡೆಯ ಮೇಲೆ, ಬಾಗಿಲಿನಷ್ಟು ಎತ್ತರಕ್ಕೆ, ಗೌರತ್ತೆ! ಅವತ್ತು ಗುಂಪಿನ ಜೊತೆ ಬಂದ ಕುಶಾಲನಗರದ ಒಬ್ಬ ಫೋಟೋದವನು ಹೊಳೆದಂಡೆಯಲ್ಲಿ ತೆಗೆದಿದ್ದ ಚಿತ್ರವನ್ನು ಮಂಜು ದೊಡ್ಡದು ಮಾಡಿಸಿ, ಬಣ್ಣ ತುಂಬಿಸಿ ಹಾಕಿದ್ದ. ಮುಂದೆ ಮರಳಿನ ಮೇಲೆ ಮೀನು. ಹಿಂದೆ ನೀರಿನಲ್ಲಿ ಅತ್ತೆ, ಬಲಗೈ ಮುಷ್ಟಿ ಕಟ್ಟಿ ಮೇಲಕ್ಕೆ ಎತ್ತಿದ್ದಾಳೆ. ಬಿಸಿಲಿಗೆ ಕಿರಿದಾದ ಕಣ್ಣು, ಕಚ್ಚಿದ ಹಲ್ಲು. ಗೊತ್ತಿಲ್ಲದವರು ನಗು ಎಂದುಕೊಳ್ಳಬೇಕು. ಕೆಳಗೆ ದೊಡ್ಡ ಅಕ್ಷರದಲ್ಲಿ: "ಗೌರಜ್ಜಿ ಫಿಶಿಂಗ್ ಪಾಯಿಂಟ್. ಕಾವೇರಿಯ ಅತಿ ದೊಡ್ಡ ಮೀನನ್ನು ಗೆದ್ದ ನಮ್ಮಜ್ಜಿ." ಮೊದಲನೆಯದಾಗಿ, ಅವಳು ಅಜ್ಜಿಯಲ್ಲ, ನಮ್ಮಿಬ್ಬರಿಗೂ ಅತ್ತೆ, ಆಗ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಎರಡನೆಯದು ನನ್ನ ಬಾಯಿಂದ ಹೊರಡುವ ಮೊದಲೇ ಇಬ್ಬರು ಅತಿಥಿಗಳು ಬಂದು ಚಿತ್ರದ ಅಡಿ ನಿಂತು, ಅವಳ ಹಾಗೆಯೇ ಮುಷ್ಟಿ ಎತ್ತಿ, ಹಲ್ಲು ಕಿರಿದು ಸೆಲ್ಫಿ ತೆಗೆದುಕೊಂಡರು. ಅವಳ ಎಡೆಯ ಬಾಳೆಲೆ ಅಲ್ಲೇ ಕೆಳಗಿತ್ತು. ಒಬ್ಬ ಅದನ್ನು ದಾಟಿಕೊಂಡು ಹೋದ.

"ಆ ಕೈಲಿ ದಾರ ಇತ್ತಲ್ಲೋ ಮಂಜು, ಎಲ್ಲಿ?" ಎಂದೆ.

"ಒಂದ್ ಬಿಳಿ ಗೆರೆ ಇತ್ತಲ್ಲ, ಅದಾ? ಸ್ಕ್ರ್ಯಾಚು ಅನ್ಕಂಡು ಸ್ಟುಡಿಯೋದಲ್ಲಿ ತೆಗೆಸ್ಬಿಟ್ಟೆ ಅಕ್ಕ."

ನಿನ್ನ ಅಪ್ಪನ ದಾರ ಕಿತ್ತುಹೋಗದೆ ಆ ಮೀನು ಸತ್ತದ್ದು, ಅತ್ತೆ ಅದನ್ನು ಹಿಡಿದವಳಲ್ಲ, ಬಿಡಿಸಿದವಳು ಎಂದೆ. ಅವನಿಗೆ ಗೊತ್ತಿರಲಿಲ್ಲ. ಚಿಕ್ಕಪ್ಪ ಮಗನಿಗೆ ಹೇಳಿರಲಿಲ್ಲ. ಮಂಜು ಒಮ್ಮೆ ಗೋಡೆಯ ಚಿತ್ರದ ಕಡೆ ನೋಡಿದ. ಆಮೇಲೆ ಹೋಂಸ್ಟೇ ಯಜಮಾನನಾದ. "ತೆಳು ದಾರದಲ್ಲಿ ಆಡ್ಸಿ ಆಡ್ಸಿ ಮೀನು ಸುಸ್ತಾಗಿ ಸಾಯ್ತದೆ ಅಕ್ಕ. ಗಟ್ಟಿದಾದ್ರೆ ಬೇಗ ಎಳ್ದು, ಫೋಟೋ ತೆಗ್ದು ಬಿಟ್ಬಿಡ್ತಾರೆ. ಈಗ ಎಲ್ಲಾ ಹಂಗೇ."

ಇರಬಹುದು. ಅದು ಸುಳ್ಳೆಂದು ನಾನು ವಾದಿಸಲಾರೆ. ಆಟಕ್ಕೆ ಮೀನು ಹಿಡಿದು ಬಿಡುವವರ ಲೆಕ್ಕಾಚಾರವೇ ಬೇರೆ, ಸಾರಿಗೆ ಹಿಡಿಯುತ್ತಿದ್ದ ನಮ್ಮದೇ ಬೇರೆ. ಮಾರು ಮಂಜು, ಯಾವ ದಾರ ಬೇಕಾದರೂ ಮಾರು. ಆದರೆ ಜೀವಮಾನವಿಡೀ ಕಿತ್ತುಹೋಗುವ ದಾರವನ್ನೇ ಆರಿಸಿದವಳನ್ನು ತಂದು, ಕಿತ್ತುಹೋಗದ ದಾರ ಮಾರಲು ಗೋಡೆಗೆ ನಿಲ್ಲಿಸಿದೆಯಲ್ಲ? ಅವಳಿಗೆ ಮಕ್ಕಳಿಲ್ಲ. ಅಲ್ಲ ಎನ್ನಲು ಅವಳಿಲ್ಲ. ಅವಳದೆಂದು ಭೂಮಿಯ ಮೇಲೆ ಉಳಿದದ್ದು ಆ ಒಂದು ಹಟ, ಅದನ್ನೂ ಸ್ಕ್ರ್ಯಾಚು ಎಂದು ಅಳಿಸಿಬಿಟ್ಟೆಯಲ್ಲ! ಇಷ್ಟನ್ನೂ ಅತಿಥಿಗಳ ಎದುರೇ ಕೂಗಿ ಹೇಳಿದೆ. ಮಂಜುವಿನ ಹೆಂಡತಿ ಬಂದು ನನ್ನ ಕೈ ಹಿಡಿದು ಒಳಗೆ ಕರೆದಳು. "ಏನಂತ ಬರೀಲಿ ಅಕ್ಕ ಬೋರ್ಡಲ್ಲಿ? ಅತ್ತೆ ಬಿಡ್ಸೋಕ್ ಹೋದ್ಲು, ಮೀನು ಸತ್ತೋಯ್ತು ಅಂತ್ಲಾ?" ಎಂದ ಮಂಜು, ವ್ಯಂಗ್ಯಕ್ಕಲ್ಲ, ನಿಜಕ್ಕೂ ತಿಳಿಯದೆ. "ಹೂಂ. ಅದನ್ನೇ ಬರಿ" ಎಂದೆ. ಬರೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹಳೆಯ ಚಿತ್ರವನ್ನಾದರೂ ಕೊಡು ಎಂದು ಕೇಳಿದೆ. ಡ್ರಾಯರಿನಿಂದ ತೆಗೆದು ತಕ್ಷಣ ಕೊಟ್ಟ.

ಬಸ್ಸಿನಲ್ಲಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಂಗೈಯಗಲದ ಚಿತ್ರ, ಅಂಚು ಹಳದಿಯಾಗಿದೆ. ಆ ಗೆರೆ ಇದೆ, ನೀರಿನಿಂದ ಹೊರಟು ಅತ್ತೆಯ ಮುಷ್ಟಿಯವರೆಗೆ. ಮೀನು ಸತ್ತ ಮೇಲೆ, ಊರು ಕುಣಿಯುತ್ತಿದ್ದಾಗ, ಅವಳು ಮತ್ತೆ ನೀರಿಗಿಳಿದದ್ದು ಅದಕ್ಕೆ. "ಇತ್ಲಾಗ್ ನೋಡಮ್ಮ, ಅದನ್ನ ಬಿಡು" ಎಂದು ಫೋಟೋದವನು ಕೂಗುತ್ತಿದ್ದ. ಅವಳು ಬಿಡಲಿಲ್ಲ. ಕೊಂಬೆಯಿಂದ ಕೊಂಬೆಗೆ ಬಿಡಿಸುತ್ತ, ಕೈಗೆ ಸುತ್ತುತ್ತ, ಇನ್ನೊಂದು ಮೀನು ಸಿಕ್ಕಿಕೊಳ್ಳಲು ಒಂದು ಗೇಣೂ ಉಳಿಯದ ಹಾಗೆ ಆ ದಾರವನ್ನು ಹೊಳೆಯಿಂದ ಎಳೆದುಕೊಳ್ಳುತ್ತಿದ್ದಳು.