ನಟ್ಟಿಗೊಂದು ಕೆಂಪು ಗೀಟು

ಕಾಪುವಿನ ಟ್ಯಾಕ್ಸಿ ಸ್ಟ್ಯಾಂಡಿನಿಂದ ಕೂಗಿ ಕರೆದರೆ ಕೇಳುವಷ್ಟು ದೂರದಲ್ಲಿ ಅಲಿಯಬ್ಬನ ಗ್ಯಾರೇಜು. ಗ್ಯಾರೇಜೆಂದರೆ ತೆಂಗಿನ ಕಂಬಗಳ ಮೇಲೊಂದು ತಗಡಿನ ಮಾಡು, ನಡುವೆ ಕಾರಿನ ಅಡಿಗೆ ಇಳಿಯಲೊಂದು ಹೊಂಡ, ಮೂಲೆಯಲ್ಲಿ ಎಣ್ಣೆ ಕುಡಿದು ಕಪ್ಪಾದ ಮೇಜು. ಉಡುಪಿಯ ಒಂದು ಬಸ್ ಕಂಪೆನಿಯ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ದುಡಿದು ಅವನು ಸ್ವಂತಕ್ಕೆ ನಿಂತಿದ್ದ. ಎತ್ತರದ ಆಳು, ಒನಕೆಯಂಥ ಮುಂಗೈ. ಅಲಿಯಬ್ಬ ಬಿಗಿದ ನಟ್ಟನ್ನು ಇನ್ನೊಬ್ಬ ಬಿಚ್ಚಲಾರ ಎಂದು ಡ್ರೈವರುಗಳು ಹೇಳಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೂ ಬೀಳದವನಂತೆ ಇರುತ್ತಿದ್ದ. ಆದರೆ ಆ ದಿನ ಮಧ್ಯಾಹ್ನ ಹೆಂಡತಿ ಬೀಪಾತುಮ್ಮನ ಮೀನಿನ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ.

ಎಪ್ಪತ್ತೆಂಟರ ಸುಮಾರಿಗೆ ಟ್ಯಾಕ್ಸಿಯವರಿಗೆ ಡೀಸೆಲ್ಲಿನ ಹುಚ್ಚು ಹಿಡಿಯಿತು. ಅಂಬಾಸಿಡರಿನ ಪೆಟ್ರೋಲ್ ಎಂಜಿನನ್ನು ಇಳಿಸಿ, ಬೊಂಬಾಯಿಯಿಂದ ಬಂದ ಡೀಸೆಲ್ ಎಂಜಿನನ್ನು ಅದರ ಜಾಗದಲ್ಲಿ ಕೂರಿಸುವುದು. ಕಾಪುವಿನಲ್ಲಿ ಮೊದಲು ಹಾಗೆ ಮಾಡಿಸಿದವನು ಅಲಿಯಬ್ಬನ ಶಾಲೆಯ ಗೆಳೆಯ ಭುಜಂಗ. ಎಲ್ಲೋ ಮಂಗಳೂರಿನಲ್ಲಿ ಎಂಜಿನು ಕೂರಿಸಿಕೊಂಡು ಬಂದ. ಎಂಜಿನು ಕಾರಿನದ್ದಲ್ಲ, ಕಾರು ಎಂಜಿನಿನದ್ದಲ್ಲ. ನಡುವಿನ ತುಂಡುಗಳನ್ನೆಲ್ಲ ಗ್ಯಾಸಿನಲ್ಲಿ ಕತ್ತರಿಸಿ, ತೂತು ಕೊರೆದು, ಹೇಗೋ ಹೊಂದಿಸಿದ್ದರು. ಚಾಲೂ ಮಾಡಿದರೆ ಹಿಂದಿನ ಸೀಟಿನಲ್ಲಿ ಕೂತವರ ಕೆನ್ನೆ ಕುಣಿಯುತ್ತಿತ್ತು. ವಾರಕ್ಕೊಂದು ನಟ್ಟು ದಾರಿಯಲ್ಲಿ ಉದುರುತ್ತಿತ್ತು. ಭುಜಂಗ ಗ್ಯಾರೇಜಿಗೆ ಬರುತ್ತಿದ್ದ, ಅಲಿಯಬ್ಬ ದೊಡ್ಡ ಸ್ಪ್ಯಾನರಿಗೆ ಪೈಪು ತೂರಿಸಿ ಬಿಗಿಯುತ್ತಿದ್ದ, ಮುಂದಿನ ವಾರ ಮತ್ತೊಂದು ಉದುರುತ್ತಿತ್ತು.

ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ ಭುಜಂಗನಿಗೆ ಕಾರ್ಕಳಕ್ಕೆ ದಿಬ್ಬಣದ ಬಾಡಿಗೆ ಬಂತು. ಮದುಮಗ, ಅವನ ತಾಯಿ, ಇಬ್ಬರು ಅತ್ತೆಯರು ಕಾರಿನಲ್ಲಿ. ಹಿಂದಿನ ದಿನವೇ ಅಲಿಯಬ್ಬ ಡೈನಮೊ ಹಿಡಿದುಕೊಳ್ಳುವ ಬ್ರಾಕೆಟ್ಟಿನ ಬೋಲ್ಟುಗಳನ್ನು ಮೈಯೆಲ್ಲ ಭಾರ ಹಾಕಿ ಬಿಗಿದು ಕೊಟ್ಟಿದ್ದ. ಪಡುಬಿದ್ರೆ ದಾಟಿತು, ನಂದಿಕೂರು ದಾಟಿತು. ಬೆಳ್ಮಣ್ಣಿನ ಏರಿನಲ್ಲಿ ಬಾನೆಟ್ಟಿನೊಳಗೆ ಗಂಟೆ ಬಡಿದಂತೆ ಸದ್ದು. ಡೈನಮೊ ಬ್ರಾಕೆಟ್ಟಿನ ಸಮೇತ ಜೋತುಬಿದ್ದಿತ್ತು, ಬೆಲ್ಟು ಹರಿದಿತ್ತು, ನೀರು ಕುದಿದು ಹಬೆ ಏಳುತ್ತಿತ್ತು. ಮುಹೂರ್ತಕ್ಕೆ ಒಂದೂಕಾಲು ಗಂಟೆ ಇತ್ತು. ಕಲ್ಲು ಇಳಿಸಿ ಕಾರ್ಕಳಕ್ಕೆ ಖಾಲಿ ಮರಳುತ್ತಿದ್ದ ಲಾರಿಯೊಂದನ್ನು ಭುಜಂಗ ಕೈ ಅಡ್ಡ ಹಿಡಿದು ನಿಲ್ಲಿಸಿದ. ಪೇಟ ತೊಟ್ಟ ಮದುಮಗ ಕಲ್ಲಿನ ಲಾರಿಯ ಕ್ಯಾಬಿನ್ನಿನಲ್ಲಿ, ಅತ್ತೆಯರ ನಡುವೆ ಸಿಕ್ಕಿಕೊಂಡು, ಮದುವೆಗೆ ತಲುಪಿದ. ತಾಳಿಯೇನೋ ಹೊತ್ತಿಗೆ ಸರಿಯಾಗಿಯೇ ಕಟ್ಟಿದ. ಆದರೆ ಫೋಟೋದಲ್ಲಿ ಅವನ ಬಿಳಿ ಅಂಗಿಯ ಹೆಗಲ ಮೇಲೆ ಕಲ್ಲುಪುಡಿ ಕಾಣುತ್ತದಂತೆ.

ಸ್ಟ್ಯಾಂಡಿನವರಿಗೆ ಇಷ್ಟು ಸಾಕಿತ್ತು. ಯಾರದಾದರೂ ಪಂಚೆ ಜಾರಿದರೆ, "ಎಂತ ಮಾರಾಯ, ಅಲಿಯಬ್ಬ ಕಟ್ಟಿದ್ದಾ?" ಎನ್ನುವುದು ರೂಢಿಯಾಯಿತು. ಅಲಿಯಬ್ಬನೂ ನಗುತ್ತಿದ್ದ. ಮನೆಗೆ ಬಂದು ಮಾತ್ರ ಎರಡನೆಯ ಸಲದ ಅನ್ನ ಬೇಡವೆನ್ನುತ್ತಿದ್ದ.

"ಭುಜಂಗ ಬೈದನಾ?" ಬೀಪಾತುಮ್ಮ ಒಂದು ದಿನ ಕೇಳಿದಳು.

"ಬೈದಿದ್ದರೆ ಒಳ್ಳೆಯದಿತ್ತು. ಅವನು ಎಂತ ಹೇಳಿದ ಗೊತ್ತುಂಟಾ? 'ಹೋಗಲಿ ಬಿಡು, ನಿನ್ನ ಕೈಲಿ ಆದಷ್ಟು ಬಿಗಿ ಮಾಡಿದ್ದೀಯಲ್ಲ' ಎಂದ."

"ಹಾಗಾದರೆ ಕೈಯ ತಪ್ಪಲ್ಲ," ಎಂದಳು ಅವಳು. "ಇನ್ನೂ ಬಿಗಿ ಮಾಡಲಿಕ್ಕೆ ನಿಮಗೆ ಮೂರನೆಯ ಕೈ ಇಲ್ಲ. ನಿಮಗೆ ಕೆಲಸ ಕಲಿಸಿದವರನ್ನು ಕೇಳಿ."

ಕಲಿಸಿದವರೆಂದರೆ ಎಡ್ಮಂಡ್ ಪೊರ್ಬುಗಳು. ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಹೆಡ್ ಮೆಕ್ಯಾನಿಕ್ ಆಗಿದ್ದು, ನಿವೃತ್ತರಾಗಿ ಶಿರ್ವದಲ್ಲಿ ಹಂದಿ ಸಾಕಿಕೊಂಡು ಇದ್ದರು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಯುವ ಹೊತ್ತಿಗೆ ಅಲಿಯಬ್ಬನೂ ಭುಜಂಗನೂ ಕಾರಿನೊಂದಿಗೆ ಅವರ ಅಂಗಳದಲ್ಲಿ ಹಾಜರಾದರು. ಪೊರ್ಬುಗಳು ಪೂಜೆಗೆ ಹಾಕಿದ್ದ ಬಿಳಿ ಅಂಗಿ ಕಳಚಿ ಮೊಳೆಗೆ ಸಿಕ್ಕಿಸಿ, ಬನಿಯನ್ನಿನಲ್ಲಿ ಬಾನೆಟ್ಟಿನೊಳಗೆ ತಲೆ ಹಾಕಿದರು. ಆಮೇಲೆ ಬ್ರಾಕೆಟ್ಟನ್ನು ಬಿಚ್ಚಿ ಅಲಿಯಬ್ಬನ ಕೈಗಿತ್ತರು.

"ಇದರ ಮೈ ನೋಡು. ಎಂತ ಉಂಟು?"

"ಪೇಂಟು, ಪೊರ್ಬುಗಳೇ."

"ಎಷ್ಟು ದಪ್ಪ?"

ಅಲಿಯಬ್ಬ ಉಗುರಿನಿಂದ ಕೆರೆದ. ಮೂರು ಪದರ ಎದ್ದು ಬಂತು.

"ನೀನು ಬಿಗಿ ಮಾಡಿದ್ದು ಕಬ್ಬಿಣವನ್ನಲ್ಲ, ಈ ಪೇಂಟನ್ನು. ಎಂಜಿನು ಬಿಸಿಯಾಯಿತು, ನಡುಗಿತು, ಪೇಂಟು ಅರೆದು ಪುಡಿಯಾಯಿತು. ಅದು ಹೋದ ಜಾಗ ಖಾಲಿ. ಬೋಲ್ಟು ಎಂತ ಮಾಡಬೇಕು ಪಾಪ?" ಅವರು ಸ್ಪ್ರಿಂಗ್ ವಾಷರೊಂದನ್ನು ಎತ್ತಿ ಹಿಡಿದರು. "ಇದು ಎಷ್ಟನೆಯ ಸಲ ಹಾಕಿದ್ದು?"

ಬಾಯಿ ತೆರೆದುಕೊಂಡು ಇರಬೇಕಾದ ವಾಷರು ಹಪ್ಪಳದಂತೆ ಚಪ್ಪಟೆಯಾಗಿತ್ತು.

ಪೊರ್ಬುಗಳು ಒಂದೊಂದೇ ತೋರಿಸಿದರು. ತೂತು ಬೋಲ್ಟಿಗಿಂತ ದೊಡ್ಡದು, ಹಾಗಾಗಿ ತುಂಡು ಅತ್ತಿತ್ತ ಜಾರುತ್ತದೆ. ಬೋಲ್ಟಿನ ತಿರುಪಿನ ಎಳೆಯಲ್ಲಿ ಎಣ್ಣೆ, ಹಾಗಾಗಿ ಕೈಗೆ ಬಿಗಿಯ ಲೆಕ್ಕ ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಸ್ಪ್ಯಾನರಿಗೆ ತೂರಿಸಿದ ಪೈಪು. "ನಟ್ಟು ತಿರುಗಿಸುವುದು ಎಂತಕ್ಕೆ? ಬೋಲ್ಟನ್ನು ಚೂರು ಎಳೆಯಲಿಕ್ಕೆ. ಎಳೆದ ಬೋಲ್ಟು ಹಿಂದೆ ಹೋಗಲಿಕ್ಕೆ ನೋಡುತ್ತದೆ, ಅದೇ ಬಿಗಿ. ನೀನು ಪೈಪು ಹಾಕಿ ಅದರ ಪ್ರಾಣವನ್ನೇ ಎಳೆದಿದ್ದಿ. ಈಗ ಅದು ಸತ್ತ ಹಗ್ಗ. ಇನ್ನೊಂದು: ಹೊಸ ಸಾಮಾನು ಕೂರಿಸಿದರೆ ಇನ್ನೂರು ಕಿಲೋಮೀಟರ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ನೋಡಬೇಕು. ಮಗಳನ್ನು ಮದುವೆ ಮಾಡಿ ಕೊಟ್ಟ ಮೇಲೆ ಒಂದು ಸಲ ಹೋಗಿ ನೋಡಿಕೊಂಡು ಬರುವುದಿಲ್ಲವಾ? ಹಾಗೆ."

ಕಾಪುವಿಗೆ ಮರಳಿದ ಅಲಿಯಬ್ಬ ಮರುದಿನವೇ ಆ ಎಂಜಿನಿನ ಹೊರಗಿನ ತುಂಡುಗಳನ್ನೆಲ್ಲ ಬಿಚ್ಚಿದ. ಪೇಂಟು ಕೆರೆದ, ತಿರುಪಿನ ಎಳೆಗಳನ್ನು ಪೆಟ್ರೋಲಿನಲ್ಲಿ ತೊಳೆದ, ದೊಡ್ಡ ತೂತಿನ ಬ್ರಾಕೆಟ್ಟನ್ನು ಎಸೆದು ಹೊಸದು ಮಾಡಿಸಿದ. ಬೋಲ್ಟು, ವಾಷರು ಎಲ್ಲ ಹೊಸದು. ಜಾಸ್ತಿ ನಡುಗುವ ಕಡೆ ನಟ್ಟಿನ ಮೇಲೊಂದು ನಟ್ಟು. ಪೈಪನ್ನು ಬೀಪಾತುಮ್ಮನಿಗೆ ಕೊಟ್ಟ. ಅವಳು ಅದನ್ನು ನೆಟ್ಟು ಹಾಗಲಬಳ್ಳಿ ಹಬ್ಬಿಸಿದಳು.

ಒಂದು ತೊಡಕು ಉಳಿಯಿತು. ನಟ್ಟು ಸಡಿಲವಾಗಿದೆಯೇ ಎಂದು ತಿಳಿಯಲು ಸ್ಪ್ಯಾನರು ಹಾಕಬೇಕು. ಹಾಕಿದಾಗಲೆಲ್ಲ ಕೈ ತನ್ನಷ್ಟಕ್ಕೆ ಒಂದಿಷ್ಟು ತಿರುಗಿಸುತ್ತದೆ. ಹಾಗೆ ತಿರುಗಿಸಿ ತಿರುಗಿಸಿ ಮತ್ತೆ ಬೋಲ್ಟು ಸಾಯುತ್ತದೆ. ಮುಟ್ಟದೆ, ಬರೇ ಕಣ್ಣಿನಿಂದ ತಿಳಿಯುವ ದಾರಿ ಬೇಕಿತ್ತು. ನಟ್ಟಿನಿಂದ ಬ್ರಾಕೆಟ್ಟಿನವರೆಗೆ ನೇರ ಒಂದು ಗೀಟು ಎಳೆದರೆ, ನಟ್ಟು ತಿರುಗಿದಾಗ ಗೀಟು ಮುರಿದು ಕಾಣುತ್ತದೆ. ಚಾಕಿನಲ್ಲಿ ಎಳೆದ, ಎಣ್ಣೆ ತಾಗಿ ಅಳಿಯಿತು. ಬಾಗಿಲಿಗೆ ಬಳಿಯುವ ಪೇಂಟಿನಲ್ಲಿ ಎಳೆದ, ಒಣಗಲು ಒಂದು ದಿನ ಬೇಕು. ಟ್ಯಾಕ್ಸಿಯವನಿಗೆ ಅಷ್ಟು ಪುರುಸೊತ್ತು ಎಲ್ಲಿ?

ಊಟದ ಹೊತ್ತಿಗೆ ಇದನ್ನು ಹೆಂಡತಿಗೆ ಹೇಳಿದ. ಬೀಪಾತುಮ್ಮ ಎದ್ದು ಹೋಗಿ ಕಪಾಟಿನಿಂದ ಸಣ್ಣ ಬಾಟಲಿಗಳ ಪೆಟ್ಟಿಗೆ ತಂದು ಮುಂದಿಟ್ಟಳು. ದುಬಾಯಿಯಲ್ಲಿದ್ದ ತಮ್ಮ ಉಸ್ಮಾನ್ ಅಕ್ಕನಿಗೆಂದು ಕಳಿಸಿದ ಉಗುರಿನ ಬಣ್ಣ, ಆರು ಬಾಟಲಿ, ಎಲ್ಲವೂ ಕೆಂಪು. ಅದನ್ನು ಹಚ್ಚಿಕೊಂಡರೆ ನಮಾಜಿನ ಮುಂಚೆ ಕೈ ತೊಳೆಯುವಾಗ ಉಗುರಿಗೆ ನೀರು ತಾಗುವುದಿಲ್ಲವೆಂದು ಅವಳು ಮುಚ್ಚಳ ಕೂಡ ತೆರೆದಿರಲಿಲ್ಲ. ಅವಳಿಗೆ ಮದರಂಗಿಯೇ ಸಾಕಿತ್ತು.

"ಇದು ಐದು ನಿಮಿಷದಲ್ಲಿ ಒಣಗುತ್ತದೆ," ಎಂದಳು. "ನಿಮ್ಮ ಎಂಜಿನು ನಮಾಜು ಮಾಡುವುದಿಲ್ಲವಲ್ಲ."

ಮುಚ್ಚಳಕ್ಕೇ ಕುಂಚ ಇತ್ತು, ಕೂದಲೆಳೆಯಂಥ ಗೀಟು ಬಂತು, ಎಣ್ಣೆಗೆ ಜಗ್ಗಲಿಲ್ಲ. ಸೈಲೆನ್ಸರಿನ ಬಳಿ ಮಾತ್ರ ಬಿಸಿಗೆ ಸುಟ್ಟುಹೋಯಿತು. ಅಲ್ಲಿ ಉಳಿಯಿಂದ ಗುರುತು ಕೊರೆದ. ಭುಜಂಗ ಮೊದಲ ಸಲ ಬಾನೆಟ್ಟು ತೆರೆದು ನೋಡಿ, "ಎಂತದು ಮಾರಾಯ, ಎಂಜಿನಿಗೆ ಅಲಂಕಾರವಾ?" ಎಂದ. ಆದರೆ ಆ ತಿಂಗಳು ಏನೂ ಉದುರಲಿಲ್ಲ. ಮುಂದಿನ ತಿಂಗಳೂ ಇಲ್ಲ. ದಿನಾ ಬೆಳಿಗ್ಗೆ ಬಾನೆಟ್ಟು ಎತ್ತಿ ಗೀಟುಗಳನ್ನು ನೋಡುವುದು ಭುಜಂಗನಿಗೆ ಹಲ್ಲುಜ್ಜಿದಷ್ಟು ಅಭ್ಯಾಸವಾಯಿತು. ಡೀಸೆಲ್ ಹಾಕಿಸಿಕೊಂಡ ಬೇರೆಯವರೂ ಒಬ್ಬೊಬ್ಬರಾಗಿ ಬಂದರು. ವರ್ಷ ಕಳೆಯುವುದರೊಳಗೆ ಆರು ಬಾಟಲಿಯೂ ಮುಗಿಯಿತು.

ಏಳನೆಯದನ್ನು ಕೊಳ್ಳಲು ಅಲಿಯಬ್ಬ ಉಡುಪಿಯ ಒಂದು ಫ್ಯಾನ್ಸಿ ಸ್ಟೋರಿನ ಮೆಟ್ಟಿಲು ಹತ್ತಬೇಕಾಯಿತು. ಒಳಗೆ ಹೆಂಗಸರು ಬಳೆ ಆರಿಸುತ್ತಿದ್ದರು. ಗಡ್ಡದ, ಗ್ರೀಸಿನ ಕೈಯ ಗಂಡಸನ್ನು ಕಂಡು ಎಲ್ಲರೂ ಪಕ್ಕಕ್ಕೆ ಸರಿದರು. ಅಂಗಡಿಯ ಸೆಲೀನ್ ಬಾಯಿ ವಿನಯದಿಂದ, "ಎಂತ ಕೊಡಲಿ?" ಎಂದರು.

"ಉಗುರಿನ ಬಣ್ಣ. ಕೆಂಪು."

"ಕೆಂಪಿನಲ್ಲಿ ನಾಲ್ಕು ತರ ಉಂಟು. ಅವರ ಮೈಬಣ್ಣ ಹೇಗೆ?"

ಅಲಿಯಬ್ಬ ಯೋಚಿಸಿದ. "ಹಸಿರು," ಎಂದ. "ಎಂಜಿನು."

ಹೆಂಗಸರ ನಗು ನಿಲ್ಲುವ ತನಕ ಅವನು ಬೀದಿಯನ್ನು ನೋಡುತ್ತ ನಿಂತ. ಸೆಲೀನ್ ಬಾಯಿ ಮಾತ್ರ ನಗದೆ ವಿಷಯ ಪೂರ್ತಿ ಕೇಳಿಕೊಂಡು, ಎಣ್ಣೆಯ ಮೇಲೆ ಚೆನ್ನಾಗಿ ಕಾಣುವ ಒಂದು ಬಣ್ಣವನ್ನು ತಾವೇ ಆರಿಸಿಕೊಟ್ಟರು.

ಎಂಬತ್ತೆರಡರಲ್ಲಿ ಭುಜಂಗನ ಮಗಳು ಮೋಹಿನಿಯ ಮದುವೆ ನಿಶ್ಚಯವಾಯಿತು. ಗಂಡಿನ ಮನೆ ಕಾರ್ಕಳ, ಮದುವೆಯೂ ಅಲ್ಲೇ. ಸ್ಟ್ಯಾಂಡಿನಲ್ಲಿ ಯಾರೋ, "ಮದುಮಗಳಿಗೆ ಪೆಟ್ರೋಲ್ ಕಾರು ಮಾಡು ಭುಜಂಗ, ಬೆಳ್ಮಣ್ಣಿನ ಏರು ನೆನಪುಂಟಲ್ವಾ?" ಎಂದರು. ಭುಜಂಗ, "ನನ್ನ ಮಗಳು ನನ್ನ ಕಾರಿನಲ್ಲೇ ಹೋಗುವುದು. ಅಲಿಯಬ್ಬ ಮುಂದಿನ ಸೀಟಿನಲ್ಲಿ ಕೂತುಕೊಳ್ಳುತ್ತಾನೆ," ಎಂದುಬಿಟ್ಟ. ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ಅಲಿಯಬ್ಬ ಗ್ಲಾಸು ಕೆಳಗಿಟ್ಟ. ಗೆಳೆಯ ಅವನ ಮುಖ ನೋಡದೆಯೇ ಅದನ್ನು ಹೇಳಿದ್ದ.

ಹೊರಡುವ ದಿನ ಅಲಿಯಬ್ಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಸೆಯಲ್ಲಿ ನಾಲ್ಕು ಹೊಸ ವಾಷರು, ಕಾಲಬುಡದಲ್ಲಿ ಸ್ಪ್ಯಾನರಿನ ಚೀಲ ಇಟ್ಟುಕೊಂಡು ಕೂತ. ಹಿಂದಿನ ಸೀಟಿನಲ್ಲಿ ಮಲ್ಲಿಗೆ ಮುಡಿದ ಮೋಹಿನಿ, ಅವಳ ತಾಯಿ ಪುಷ್ಪಾವತಿ. ನಂದಿಕೂರಿನಲ್ಲಿ ಅಲಿಯಬ್ಬ ಕಾರು ನಿಲ್ಲಿಸಲು ಹೇಳಿದ. ಸದ್ದೇನೂ ಬಂದಿರಲಿಲ್ಲ.

"ಎಂತ ಆಯಿತು?" ಪುಷ್ಪಾವತಿ ಮುಂದಕ್ಕೆ ಬಾಗಿ ಕೇಳಿದಳು.

"ಎಂತ ಆಗಲಿಲ್ಲಕ್ಕ. ಏರಿನ ಮೊದಲು ಒಮ್ಮೆ ನೋಡುತ್ತೇನೆ."

ಬಾನೆಟ್ಟು ಎತ್ತಿದ. ಹನ್ನೆರಡು ಗೀಟುಗಳಲ್ಲಿ ಹನ್ನೊಂದು ನೆಟ್ಟಗಿದ್ದವು. ಡೈನಮೊದ ಕೆಳಗಿನ ಬೋಲ್ಟಿನಲ್ಲಿ ಮಾತ್ರ ಎಳ್ಳು ಕಾಳಿನಷ್ಟು ಮುರಿದಿತ್ತು. ಅಲಿಯಬ್ಬನಿಗೆ ಕೂಡಲೇ ನೆನಪಾಯಿತು: ಹೋದ ವಾರ ಬೆಲ್ಟು ಬದಲಿಸಿದಾಗ ಆ ಅಳತೆಯ ಹೊಸ ವಾಷರು ಇರಲಿಲ್ಲ, ಹಳೆಯದನ್ನೇ ಹಾಕಿದ್ದ.

"ತಪ್ಪು ನನ್ನದೇ ಭುಜಂಗ. ಹಳೆಯ ವಾಷರು ಹಾಕಿದ್ದೆ."

"ಎಷ್ಟು ಹೊತ್ತು?"

"ಹತ್ತು ನಿಮಿಷ."

ಭುಜಂಗ ಕೈಗಡಿಯಾರ ನೋಡಲಿಲ್ಲ. ಅಂಗಿಯ ತೋಳು ಮಡಚಿ ಡೈನಮೊವನ್ನು ಹಿಡಿದು ನಿಂತ. ಮೋಹಿನಿ ಇಳಿದು ಬಂದು, ಸೀರೆಯ ಸೆರಗು ಎತ್ತಿ ಹಿಡಿದುಕೊಂಡು ಇಣುಕಿದಳು. ಹೊಸ ವಾಷರು ಕೂತು, ನಟ್ಟು ಬಿಗಿಯಾಗಿ, ಅಲಿಯಬ್ಬ ಬಾಟಲಿಯ ಮುಚ್ಚಳ ತೆಗೆದಾಗ ಅವಳು, "ಅಲಿಯಬ್ಬ ಮಾಮ, ಇದೊಂದು ಗೀಟು ನಾನು ಎಳೆಯಲಾ? ನನ್ನ ಕೈ ಇದಕ್ಕೆ ಪಳಗಿದೆ," ಎಂದು ಕೇಳಿ, ಒಂದೇ ಎಳೆತಕ್ಕೆ ನೇರವಾಗಿ ಎಳೆದಳು. ಕಾರು ಬೆಳ್ಮಣ್ಣಿನ ಏರನ್ನು ಹತ್ತಿ, ಮುಹೂರ್ತಕ್ಕೆ ನಲವತ್ತು ನಿಮಿಷ ಮೊದಲೇ ಛತ್ರದ ಎದುರು ನಿಂತಿತು.

ಅಲ್ಲಿ ಗಂಡಿನ ಸೋದರಮಾವ ಸರ್ವೋತ್ತಮ ಎಂಬವರಿದ್ದರು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಲಿಸುವ ಲೆಕ್ಚರರು. ಊಟದ ನಂತರ ಅಲಿಯಬ್ಬ ಮತ್ತೆ ಬಾನೆಟ್ಟು ಎತ್ತಿದ್ದನ್ನು ಕಂಡು ಹತ್ತಿರ ಬಂದರು, ಒಂದೊಂದೇ ಪ್ರಶ್ನೆ ಕೇಳಿದರು, ಕೊನೆಗೆ, "ನಮ್ಮ ಹುಡುಗರಿಗೆ ಒಂದು ದಿನ ಬಂದು ಇದನ್ನು ತೋರಿಸಬೇಕು ನೀವು," ಎಂದರು. ಅಲಿಯಬ್ಬ ಇದು ಮದುವೆಮನೆಯ ಉಪಚಾರದ ಮಾತೆಂದುಕೊಂಡ. ಆದರೆ ಮಳೆಗಾಲ ಮುಗಿದ ಮೇಲೆ ನಿಜವಾಗಿಯೂ ಕಾಗದ ಬಂತು.

ಮಣಿಪಾಲದ ಆ ತರಗತಿಯಲ್ಲಿ ಅವನು ಮಾತಾಡಿದ್ದು ಕಡಿಮೆ. ಸತ್ತ ಬೋಲ್ಟು, ಹಪ್ಪಳವಾದ ವಾಷರು, ಪೇಂಟು ಅರೆದ ಬ್ರಾಕೆಟ್ಟು, ಇವನ್ನೇ ಕೈಯಿಂದ ಕೈಗೆ ದಾಟಿಸಿದ. ಹುಡುಗನೊಬ್ಬ ಎದ್ದು, ಎಷ್ಟು ಬಲ ಹಾಕಬೇಕು, ಕೈಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ.

"ಕೈಗೆ ಗೊತ್ತಾಗುವುದಿಲ್ಲ," ಎಂದ ಅಲಿಯಬ್ಬ. "ನನಗೆ ಗೊತ್ತುಂಟು ಅಂತ ನನ್ನ ಕೈ ಬಹಳ ವರ್ಷ ಸುಳ್ಳು ಹೇಳಿತು. ಬಲ ಅಳೆಯುವ ಸ್ಪ್ಯಾನರು ನಿಮ್ಮ ಮಾಸ್ಟ್ರ ಹತ್ತಿರ ಉಂಟು, ನನ್ನ ಹತ್ತಿರ ಇಲ್ಲ. ಇದ್ದವರು ಅದನ್ನೇ ಹಿಡಿಯಿರಿ."

ಮರಳುವಾಗ ಉಡುಪಿಯಲ್ಲಿ ಕಾಪುವಿನ ಬಸ್ಸು ಹತ್ತಿ ಡ್ರೈವರನ ಬಳಿ, ಎಂಜಿನಿನ ಪಕ್ಕದಲ್ಲೇ ಕೂತ. ಡ್ರೈವರ್ ಚಾಲೂ ಮಾಡಿದ ಕೂಡಲೇ ಒಳಗಿನಿಂದ ಕಟಕಟ ಸದ್ದು. ಎರಡು ನಿಮಿಷ ತಡೆದುಕೊಂಡ, ಆಮೇಲೆ ಆಗಲಿಲ್ಲ. "ಡ್ರೈವರೇ, ಏರ್ ಫಿಲ್ಟರಿನ ನಟ್ಟು ಸಡಿಲ ಉಂಟು."

"ಅದು ಎರಡು ವರ್ಷದಿಂದ ಹಾಗೆಯೇ ಉಂಟು ಸಾಯ್ಬ್ರೆ."

"ಹೊರಡಲಿಕ್ಕೆ ಐದು ನಿಮಿಷ ಉಂಟಲ್ವಾ? ಮುಚ್ಚಳ ತೆಗೆಯಿರಿ. ಸ್ಪ್ಯಾನರು ನನ್ನ ಚೀಲದಲ್ಲಿ ಉಂಟು."

ಪ್ರಯಾಣಿಕರು ನೋಡುತ್ತಿದ್ದಂತೆಯೇ ಕೆಲಸ ಮುಗಿಯಿತು. ಬಸ್ಸು ಹೊರಟಿತು. ಕಟಪಾಡಿಯ ಹತ್ತಿರ ಡ್ರೈವರು, "ಎಂಜಿನು ನಡೆಯುತ್ತಾ ಉಂಟಾ ಅಂತಲೇ ಸಂಶಯ ಬರುತ್ತದೆ ಈಗ," ಎಂದು ಪಕ್ಕಕ್ಕೆ ತಿರುಗಿದ. ಅಲಿಯಬ್ಬ ಚೀಲದ ಮೇಲೆ ಕೈಯಿಟ್ಟು, ಗಲ್ಲ ಎದೆಗೆ ತಾಗಿಸಿಕೊಂಡು ನಿದ್ದೆ ಹೋಗಿದ್ದ. ಕಾಪು ಬಂದಾಗ ಕಂಡಕ್ಟರನೇ ಎಬ್ಬಿಸಬೇಕಾಯಿತು.