ದುಗ್ಗಪ್ಪನ ಏರು

ದುಗ್ಗಪ್ಪ ಹುಲಿಕಲ್ ಘಾಟಿಯಲ್ಲಿ ಎತ್ತಿನ ಗಾಡಿ ಹೊಡೆದವನು. ಅವನ ಮಗ ಶೇಷಪ್ಪ ಅದೇ ಘಾಟಿಯಲ್ಲಿ ಲಾರಿ ಓಡಿಸಿದವನು. ಶೇಷಪ್ಪನ ಮಗಳು ಹೊಸನಗರದ ಹೇಮಾವತಿ. ಹಿರಿಯರಿಬ್ಬರನ್ನು ಬಿಟ್ಟು ಅವಳೊಬ್ಬಳ ಕತೆ ಹೇಳಿದರೆ ಅದು ಗಾಲಿ ಇಲ್ಲದ ಗಾಡಿಯಾಗುತ್ತದೆ.

ದುಗ್ಗಪ್ಪ ಅಕ್ಕಿ ಹೇರಿಕೊಂಡು ಕೆಳಗಿಳಿಯುತ್ತಿದ್ದ, ಉಪ್ಪು, ಒಣಮೀನು ಹೇರಿಕೊಂಡು ಮೇಲೆ ಹತ್ತುತ್ತಿದ್ದ. ಘಾಟಿಯಲ್ಲಿ ಗೋಡೆಯ ಹಾಗೆ ಎದ್ದು ನಿಂತ ಒಂದು ತಿರುವಿತ್ತು. ಅಲ್ಲಿ ಎಂಥ ಎತ್ತಾದರೂ ಮಂಡಿ ಊರಬೇಕು. ಹಿಂದಿನ ಗಾಡಿಯವರು ಇಳಿದು ಬಂದು ಮುಂದಿನ ಗಾಡಿಯ ಗಾಲಿಗೆ ಹೆಗಲು ಕೊಟ್ಟು ಹತ್ತಿಸುವುದು ಗಾಡಿಯವರ ಪದ್ಧತಿ. ದುಗ್ಗಪ್ಪ ಎಲ್ಲರ ಗಾಡಿಗೂ ಹೆಗಲು ಕೊಟ್ಟ. ತನ್ನ ಗಾಡಿಯ ಗಾಲಿಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ಯಾರಾದರೂ ಹತ್ತಿರ ಬಂದರೆ, "ಏರಲ್ಲಿ ಕೈ ಕೊಟ್ಟೋನು ಇಳಿಜಾರಲ್ಲೂ ಕೈ ಕೊಡ್ತಾನೆ, ಅತ್ಲಾಗ್ ಸರಿಯಾ" ಎನ್ನುತ್ತಿದ್ದನಂತೆ. ಗಾಡಿಯವರು ಬೈದರು, ನಕ್ಕರು, ಕೊನೆಗೆ ಆ ತಿರುವಿಗೇ "ದುಗ್ಗಪ್ಪನ ಏರು" ಎಂದು ಹೆಸರಿಟ್ಟರು.

ಶೇಷಪ್ಪನದು ಮೂತಿ ಲಾರಿ. ಎಂಜಿನ್ನು ಮುಂದೆ ಚಾಚಿಕೊಂಡಿರುವ ಹಳೇ ಕಾಲದ್ದು. ಒಮ್ಮೆ ಅರ್ಧ ಘಾಟಿಯಲ್ಲಿ ಬ್ರೇಕು ಕಳೆದುಕೊಂಡಾಗ, ಎಮ್ಮೆ ಮರಕ್ಕೆ ಮೈ ತುರಿಸಿಕೊಂಡ ಹಾಗೆ ಲಾರಿಯನ್ನು ಗುಡ್ಡದ ಬದಿಗೆ ಉಜ್ಜಿ ಉಜ್ಜಿ ನಿಲ್ಲಿಸಿದ. ನಾನು ಅವನ ಕ್ಲೀನರ್. ಎಡಬಾಗಿಲಲ್ಲಿ ಜೋತುಬಿದ್ದು ಮೂರು ತಾಲ್ಲೂಕಿನ ದೇವರನ್ನೆಲ್ಲ ಕೂಗಿದವನು. ಹಾಗಾಗಿ ಇದು ಕೇಳಿದ ಮಾತಲ್ಲ, ಕಂಡದ್ದು.

ಆಮೇಲೆ ರಸ್ತೆ ಅಗಲ ಮಾಡುವವರು ಬಂದರು. ಆ ತಿರುವಿಗೆ ಮದ್ದಿಟ್ಟು ಗುಡ್ಡವನ್ನೇ ಸಪಾಟು ಮಾಡಿದರು. ಏರು ಹೋಯಿತು, ಜೊತೆಗೆ ಹೆಸರೂ ಹೋಯಿತು. ಶೇಷಪ್ಪನಿಗೆ ಅದು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರು. ಬಸ್ಸಿನಲ್ಲಿ ಆ ದಾರಿ ಹೋದಾಗಲೆಲ್ಲ ಪಕ್ಕದವರಿಗೆ "ಇಲ್ಲೇ ನಮ್ಮಪ್ಪಯ್ಯನ ಏರಿತ್ತು" ಎಂದು ಕಿಟಕಿಯಾಚೆ ಕೈ ತೋರಿಸುತ್ತಾನೆ. ಪಕ್ಕದವರು ತಲೆ ಎತ್ತಿ ನೋಡುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ.

ಹೇಮಾವತಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಅವಳ ಅಂಗಡಿ. ವಯಸ್ಸು ಐವತ್ತರ ಹತ್ತಿರ, ಕೈಬೆರಳು ಸದಾ ಎಣ್ಣೆ, ಬಾಯಿ ಸದಾ ನಗು. ತೀರ್ಥಹಳ್ಳಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಪೂರ್ಣೇಶ್ ಒಂದು ದಿನ ಮೊಲದ ಗಾತ್ರದ ಜೀಪೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅವಳ ಅಂಗಡಿಗೆ ಬಂದ. ಒಳಗೆ ಹಲ್ಲಿನ ಚಕ್ರ ಸವೆದಿತ್ತು.

"ಇದೆಂತದಾ ಪೂರ್ಣೇಶ, ಮಕ್ಕಳ ಆಟದ ಸಾಮಾನಾ?"

"ಮಕ್ಕಳ ಕೈಗೆ ಕೊಡಲ್ಲ ಹೇಮಕ್ಕ. ರಿಮೋಟ್ ಹಿಡಿದ್ರೆ ಬಂಡೆ ಹತ್ತುತ್ತೆ. ರಾಕ್ ಕ್ರಾಲರ್ ಅಂತಾರೆ."

"ಹತ್ತಿ ಎಂತ ಮಾಡ್ತದೆ?"

"ಇಳೀತದೆ."

ಹೇಮಾವತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಹೊಲಿಗೆ ಯಂತ್ರದ ನೈಲಾನ್ ಚಕ್ರವೊಂದನ್ನು ಉಜ್ಜಿ ಕೂರಿಸಿ, ಸರಿಯಾಯಿತೇ ನೋಡೋಣವೆಂದು ಹಳೇ ಯಂತ್ರಗಳ ರಾಶಿಯ ಮೇಲೆ ಬಿಟ್ಟಾಗ ಅವಳ ನಗು ನಿಂತಿತು. ಜೀಪು ಅವಸರವೇ ಇಲ್ಲದೆ, ಒಂದೊಂದು ಗಾಲಿಯನ್ನೂ ಬೇರೆ ಬೇರೆ ಊರಿ, ಆಮೆಯ ಹಾಗೆ ಹತ್ತಿತು. ಅಪ್ಪನ ಲಾರಿ ಮೊದಲ ಗೇರಿನಲ್ಲಿ ನರಳುತ್ತ ಏರುತ್ತಿದ್ದುದು ಅವಳ ಕಣ್ಣಿಗೆ ಕಟ್ಟಿತು. ಪೂರ್ಣೇಶ್ ಜೀಪು ಕೇಳಲು ಬಂದಾಗಲೆಲ್ಲ "ಇನ್ನೊಂಚೂರು ಟೆಸ್ಟ್ ಮಾಡ್ಬೇಕು ಮಾರಾಯ" ಎಂದು ವಾಪಸು ಕಳಿಸಿದಳು.

ಅವನೇ ಸೋತು, "ನೀವೇ ಒಂದು ಕಟ್ಟಿ, ನಮ್ಮ ಜೊತೆ ಬನ್ನಿ" ಎಂದ. ಸಾಗರ, ಹೊಸನಗರ, ತೀರ್ಥಹಳ್ಳಿಯ ಇಂಥ ಗಾಡಿಯವರೆಲ್ಲ ಬೇಸಿಗೆಯ ಭಾನುವಾರಗಳಲ್ಲಿ ತೀರ್ಥಹಳ್ಳಿಯ ತುಂಗಾ ಹೊಳೆಯಲ್ಲಿ ಸೇರುತ್ತಾರೆ. ನೀರು ಇಳಿದು ಬಂಡೆಗಳು ಬೆನ್ನು ತೋರಿಸುವ ಕಾಲ ಅದು. ಅವರಲ್ಲಿ ಎರಡೇ ನಿಯಮ. ಗಾಡಿಗೆ ಕೈ ತಾಗಿದರೆ ಆ ಏರು ಲೆಕ್ಕಕ್ಕಿಲ್ಲ. ಯಾರೂ ಹತ್ತದ ಬಂಡೆಯನ್ನು ಯಾರ ಗಾಡಿ ಮೊದಲು ಹತ್ತುತ್ತದೋ ಅವರು ಆ ಬಂಡೆಗೆ ಹೆಸರಿಡಬಹುದು. ಎಮ್ಮೆಬೆನ್ನು, ದೋಸೆಕಲ್ಲು, ಅತ್ತೆಮಂಡೆ ಎಂದೆಲ್ಲ ಆಗಲೇ ಹೆಸರುಗಳಿದ್ದವು. ಹೆಸರಿಲ್ಲದೆ ಉಳಿದದ್ದು ಒಂದೇ ಒಂದು ದೊಡ್ಡ ಬಂಡೆ. ಅದನ್ನು ಯಾರಿಗೂ ಹತ್ತಿಸಲಾಗಿರಲಿಲ್ಲ.

ಹೆಸರಿನ ಮಾತು ಕಿವಿಗೆ ಬಿದ್ದದ್ದೇ ತಡ, ಹೇಮಾವತಿ ಅಂಗಡಿಗೆ ಬೀಗ ಹಾಕಿ ತವರಿಗೆ ಓಡಿದಳು.

"ಅಪ್ಪಯ್ಯ, ಅಜ್ಜನ ಏರು ವಾಪಸು ತರೋಕೆ ದಾರಿ ಸಿಕ್ತು."

ಶೇಷಪ್ಪ ಪೂರ್ತಿ ಕೇಳಿ ಮುಖ ಹುಳ್ಳಗೆ ಮಾಡಿದ. "ಆಟದ ಗಾಡಿ ಹತ್ತಿದ್ರೆ ಆಟದ ಹೆಸರು ಬರ್ತದೆ, ಅಷ್ಟೇಯ." ಆಮೇಲೆ ಎತ್ತಲೋ ನೋಡುತ್ತ ಕೇಳಿದ: "ಮೂತಿ ಇರ್ತದಾ ಅದಕ್ಕೆ?"

ಮೂತಿ ಇತ್ತು. ನಿಜವಾದ ಲಾರಿಯ ಹತ್ತನೇ ಒಂದು ಪಾಲು ಅಳತೆ. ಲಾರಿ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದ್ದರಿಂದ ಶೇಷಪ್ಪ ಖಾಲಿ ಕುರ್ಚಿಯ ಮೇಲೆ ಕೂತು, ಇಲ್ಲದ ಸ್ಟೇರಿಂಗ್ ಹಿಡಿದು, "ಬಾನೆಟ್ಟು ಇಲ್ಲಿಂದ ಆ ಕಂಬದ ತನಕ" ಎಂದು ತೋರಿಸಿದ. ಹೇಮಾವತಿ ಟೇಪು ಹಿಡಿದು ಅಳೆದಳು. ಬಣ್ಣ ಹಸಿರು ಎಂದು ಅವನು, ನೀಲಿ ಎಂದು ಅವನ ಹೆಂಡತಿ ಗುತ್ಯಮ್ಮ, ಇಬ್ಬರಿಗೂ ಜಗಳವೇ ಆಯಿತು. ನನ್ನನ್ನು ಕೇಳಿದರು. ಎರಡೂ ಅಲ್ಲ, ಅದು ಕೆಸರಿನ ಬಣ್ಣ, ತೊಳೆಯುತ್ತಿದ್ದವನಿಗೆ ಗೊತ್ತು ಎಂದೆ.

ಮೋಟಾರು, ರಿಮೋಟು, ಟಯರುಗಳು ಪಾರ್ಸೆಲ್ಲಿನಲ್ಲಿ ಬಂದವು. ಉಳಿದದ್ದೆಲ್ಲ ಅಂಗಡಿಯ ಗುಜರಿಯಲ್ಲೇ ಹುಟ್ಟಿತು. ಯಂತ್ರದಲ್ಲಿ ಸೂಜಿ ಹಿಡಿಯುವ ಉಕ್ಕಿನ ಸರಳುಗಳು ಗಾಲಿಯ ಅಚ್ಚನ್ನು ಚೌಕಟ್ಟಿಗೆ ಬಿಗಿಯುವ ತೋಳುಗಳಾದವು. ಬಟ್ಟೆ ಅದುಮುವ ಪಾದದ ಸ್ಪ್ರಿಂಗುಗಳು ಗಾಡಿಯ ಸ್ಪ್ರಿಂಗುಗಳಾದವು. ಮೈಗೆ ತಗಡು ಹಾಕಿದರೆ ತಲೆಭಾರವಾಗುತ್ತದೆಂದು ಅಡಿಕೆ ಹಾಳೆಯನ್ನು ನೆನೆಸಿ, ಮರದ ಅಚ್ಚಿನ ಮೇಲೆ ಬಿಸಿಯಾಗಿ ಒತ್ತಿದಳು. ಊಟದ ತಟ್ಟೆ ಮಾಡುವ ಹಾಗೆಯೇ. ಹಕ್ಕಿಗರಿಯಷ್ಟು ಹಗುರದ ಬಾನೆಟ್ಟು ಎದ್ದು ಬಂತು. ಗುತ್ಯಮ್ಮ ಮದುವೆಮನೆಗಳ ಗೋಡೆಗೆ ಹಸೆಚಿತ್ತಾರ ಬರೆಯುವ ಕೈಯವಳು. ಕೆಮ್ಮಣ್ಣು ಬಳಿದ ಬಾನೆಟ್ಟಿನ ಮೇಲೆ ಬಿಳಿ ಗೆರೆಯಲ್ಲಿ ಚಿತ್ತಾರದ ಸಾಲು ಎಳೆದಳು. ಹೇಮಾವತಿಯ ಗಂಡ ಸುರೇಂದ್ರ ಬಾಗಿಲಲ್ಲಿ ನಿಂತು, "ನನ್ನ ಬೈಕಿನ ಚೈನು ಒಂದು ತೊಟ್ಟು ಎಣ್ಣೆ ಕಾಣದೆ ಕೂಗ್ತಾ ಐತೆ, ಇದಕ್ಕೆ ದಿನಾ ಅಭ್ಯಂಜನ" ಎಂದ.

"ನಿನ್ನ ಬೈಕು ಬಂಡೆ ಹತ್ತಲಿ, ಅದಕ್ಕೂ ಎರೀತೀನಿ" ಎಂದಳು ಅವಳು.

ಮೊದಲ ಭಾನುವಾರ ಮೂತಿ ಲಾರಿ ಹೆಸರಿಲ್ಲದ ಬಂಡೆಯ ಮುಂದೆ ನಿಂತಾಗ ಎಲ್ಲರೂ ಫೋನೆತ್ತಿ ಫೋಟೋ ಹಿಡಿದರು. ಬಂಡೆಯ ಮುಕ್ಕಾಲು ಪಾಲು ಹತ್ತಿತು. ಅಲ್ಲಿ ಮೂತಿ ಮೆಲ್ಲಗೆ ಮೇಲೆದ್ದಿತು. ಲಾರಿ ಹಿಂಗಾಲ ಮೇಲೆ ನಿಂತ ಕುದುರೆಯಾಗಿ, ಅಂಗಾತ ಮರಳಿಗೆ ಬಿತ್ತು.

"ಹೇಮಕ್ಕ, ನಿಮ್ಮ ಲಾರಿ ಹಗಲಲ್ಲೇ ನಕ್ಷತ್ರ ಎಣಿಸ್ತದಲ್ರೀ!" ಎಂದು ಕೂಗಿದವನು ಸಾಗರದ ಶಂಭು. ಅವನ ಗಾಡಿಯೂ ಆ ಬಂಡೆಗೇ ಕಣ್ಣಿಟ್ಟಿತ್ತು. "ನಾನು ಹತ್ತಿಸಿದ ದಿನ ಇದು ಶಂಭುಶಿಖರ. ಈಗಲೇ ಹೇಳಿಡ್ತೀನಿ."

"ಹೇಳಿಡು. ಬಾಯಿ ಹತ್ತೋಕೆ ಬ್ಯಾಟರಿ ಬ್ಯಾಡ" ಎಂದಳು ಹೇಮಾವತಿ. ಆದರೂ ತವರುಮನೆಗೆ ಬರುವಾಗ ಅವಳ ಮುಖ ಸಣ್ಣಗಾಗಿತ್ತು. ಶಂಭುವಿನ ಗಾಡಿ ಅವಳದ್ದಕ್ಕಿಂತ ಒಂದು ಗೇಣು ಮೇಲೆ ಹೋಗಿ ಜಾರಿತ್ತು. ಇನ್ನೊಂದು ಗೇಣು ಹೋದರೆ ಹೆಸರು ಅವನದು.

ಶೇಷಪ್ಪ ಲಾರಿಯನ್ನು ಎತ್ತಿ ಹಿಂದೆ ಮುಂದೆ ತೂಗಿ ನೋಡಿದ. ಹಿಂದಿನ ಗಾಲಿಗೆ ಹಿಡಿತ ಬರಲೆಂದು ಅವಳು ಹಿಂಭಾಗದಲ್ಲಿ ಸೀಸದ ಗುಂಡುಗಳನ್ನು ಕಟ್ಟಿದ್ದಳು. ಹಾಗೆ ಹೇಳಿಕೊಟ್ಟವನು ಅವನೇ. ಖಾಲಿ ಲಾರಿ ಕೆಸರಿನಲ್ಲಿ ಜಾರದಿರಲೆಂದು ನಾವು ಹಿಂದೆ ಮರಳಿನ ಚೀಲ ಹೇರುತ್ತಿದ್ದೆವಲ್ಲ, ಅದೇ ಲೆಕ್ಕ.

"ಸರಿಯಾಗೇ ಐತಲ್ಲ" ಎಂದ ಶೇಷಪ್ಪ.

ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಗುತ್ಯಮ್ಮ ತಲೆ ಎತ್ತಲಿಲ್ಲ. "ನಿಮ್ಮ ಲಾರಿ ಲೆಕ್ಕ ನೀವೇ ಇಟ್ಕಳಿ. ಮಾವ ಏರು ಬಂದಾಗ ಎಲ್ಲಿ ಕೂರ್ತಿದ್ರು?"

"ಮೂಕಿ ಮರದ ಮೇಲೆ. ಎತ್ತಿನ ಬಾಲದ ಹತ್ರ."

"ಯಾಕೆ ಕೂರ್ತಿದ್ರು? ಎತ್ತಿನ ಹತ್ರ ಸುದ್ದಿ ಹೇಳೋಕಾ? ಹಿಂದೆ ಭಾರ ಆದ್ರೆ ಮೂಕಿ ಮೇಲೆದ್ದು ನೊಗ ಎತ್ತಿನ ಕುತ್ತಿಗೆ ಬಿಟ್ಟೇ ಬರ್ತಿತ್ತು. ಮೂಟೆನೂ ಮುಂದಕ್ಕೆ ನೂಕಿ, ತಾವೂ ಮುಂದೆ ಕೂರ್ತಿದ್ರು. ಅಷ್ಟು ವರ್ಷ ಅದೇ ಗಾಡೀಲಿ ಉಪ್ಪಿನ ಮೂಟೆ ಮೇಲೆ ಕೂತು ಬಂದೀರಿ, ಎಂತ ನೋಡಿದ್ರಿ?"

ಶೇಷಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಘಾಟಿಯಲ್ಲಿ ಸವೆದ ಗಂಡಸರಿಬ್ಬರೂ ಬಗ್ಗಿ ಹಿಂದಿನ ಸೀಸದ ಗುಂಡು ಎಣಿಸತೊಡಗಿದೆವು. ಹೇಮಾವತಿ ಮಾತ್ರ ಅವ್ವನ ಗಲ್ಲ ಹಿಂಡಿ, ಲಾರಿ ಕಸಿದುಕೊಂಡು ಅಂಗಡಿಗೆ ಓಡಿದಳು.

ಹಿಂದಿನ ಸೀಸವನ್ನೆಲ್ಲ ಕಿತ್ತಳು. ದಾರ ಸುತ್ತುವ ಉಕ್ಕಿನ ಬಾಬಿನ್ನುಗಳಿಗೆ ಸೀಸದ ತಂತಿ ಬಿಗಿಯಾಗಿ ಸುತ್ತಿ, ಮುಂದಿನ ಎರಡು ಗಾಲಿಗಳ ಹೊಟ್ಟೆಯೊಳಗೆ ಕೂರಿಸಿದಳು. ಬ್ಯಾಟರಿಯನ್ನು ಬಾನೆಟ್ಟಿನ ಕೆಳಗೆ ತಂದಳು. ಅಜ್ಜ ಮೂಕಿಗೆ ಬಂದು ಕೂತ ಹಾಗಾಯಿತು. ಟಯರಿನೊಳಗೆ ಗಟ್ಟಿ ಸ್ಪಂಜಿನ ಬದಲು ರವಿಕೆಗೆ ಹಾಕುವ ಮೆತ್ತನೆ ಸ್ಪಂಜು ತುಂಬಿದಳು. ಗಾಲಿ ಈಗ ಕಲ್ಲನ್ನು ಮಗುವಿನ ಅಂಗೈ ಹಾಗೆ ಹಿಡಿಯತೊಡಗಿತು. ಸುರೇಂದ್ರನ ಬೈಕಿನ ಚೈನಿಗೂ ಅಂದು ಎಣ್ಣೆ ಸಿಕ್ಕಿತು.

ಮುಂದಿನ ಭಾನುವಾರ ಬೆಳಿಗ್ಗೆ ಶೇಷಪ್ಪನೂ ಹೊರಟ. ತುಂಗೆಯ ಮರಳಿನಲ್ಲಿ ಅವನಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಮೊದಲು ಶಂಭು. ಅವನ ಗಾಡಿ ಬಂಡೆಯ ನೆತ್ತಿಯ ಹತ್ತಿರದ ಮೆಟ್ಟಿಲಿಗೆ ಮುಂಗಾಲು ಹಾಕಿತು. ಅಲ್ಲೇ ಗಾಲಿ ಸುತ್ತಿ ಸುತ್ತಿ ಕೆಳಗೆ ಜಾರಿತು. ಶಂಭು ತನ್ನ ಹಣೆಗೆ ತಾನೇ ಹೊಡೆದುಕೊಂಡ.

ಹೇಮಾವತಿ ರಿಮೋಟನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಮೂತಿ ಲಾರಿ ಕಲ್ಲು ಮೂಸಿ ಮೂಸಿ ಹೊರಟಿತು. ಹೋದ ಸಲ ಮಗುಚಿದ ಜಾಗ ದಾಟಿತು. ಮೂತಿ ಏಳಲಿಲ್ಲ. ಶಂಭು ಜಾರಿದ ಮೆಟ್ಟಿಲಿಗೆ ಬಂದಾಗ ಹಿಂದಿನ ಒಂದು ಗಾಲಿ ಸೀಳಿನೊಳಗೆ ಇಳಿಯಿತು. ಲಾರಿ ಮಗ್ಗುಲಿಗೆ ವಾಲಿ, ಬೀಳಲೋ ಬೇಡವೋ ಎಂದು ಕೇಳುವ ಹಾಗೆ ತೂಗಾಡಿತು. ಪಕ್ಕದ ಕಲ್ಲಿನ ಮೇಲೆ ನಿಂತಿದ್ದ ಪೂರ್ಣೇಶ್ ತನಗರಿವಿಲ್ಲದೆಯೇ ಕೈ ಚಾಚಿದ.

"ಕೈ ತೆಗಿಯಾ!" ಎಂದು ಹೇಮಾವತಿ ಕಿರುಚಿದ್ದಕ್ಕೆ ಆಚೆ ದಡದ ಬೆಳ್ಳಕ್ಕಿಗಳು ಎದ್ದವು. ಪೂರ್ಣೇಶ್ ಬೆಂಕಿ ಮುಟ್ಟಿದವನ ಹಾಗೆ ಕೈ ಕೊಡವಿಕೊಂಡ.

"ಹಿಂದೆ ಬಿಡು ಮಗಾ! ಹಿಂದೆ ಬಿಟ್ಟು ಮೂತಿ ಎಡಕ್ಕೆ ತಗ!" ಶೇಷಪ್ಪ ಕುರ್ಚಿಯಿಂದ ಎದ್ದೇ ಬಿಟ್ಟಿದ್ದ.

"ಅಪ್ಪಯ್ಯ, ಬಾಯಿನೂ ಬ್ಯಾಡ!"

ಅವನು ಟವೆಲ್ಲನ್ನು ಬಾಯಿಗೆ ತುರುಕಿಕೊಂಡ. ಅವಳು ಬೆರಳನ್ನು ಕೂದಲೆಳೆಯಷ್ಟು ಹಿಂದೆಳೆದಳು. ಲಾರಿ ಸೀಳಿನಿಂದ ಒಂಚೂರು ಹಿಂದೆ ಸರಿದು, ಬಲಕ್ಕೆ ಮೂತಿ ತಿರುಗಿಸಿ, ಬಾಬಿನ್ನು ತುಂಬಿದ ಮುಂಗಾಲುಗಳನ್ನು ಮೆಟ್ಟಿಲ ಮೇಲೆ ಊರಿತು. ಒಂದು ಗಾಲಿ ಹಿಡಿಯಿತು. ಇನ್ನೊಂದೂ ಹಿಡಿಯಿತು. ಹಿಂಭಾಗ ಸರಸರ ಎದ್ದು ಬಂತು. ಹಸೆ ಬರೆದ ಬಾನೆಟ್ಟು ಬಂಡೆಯ ನೆತ್ತಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ನಿಂತಿತು.

ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದವನು ಶಂಭು. "ಹೇಮಕ್ಕ, ಹೆಸರು ಹೇಳ್ರೀ, ಹೊಟ್ಟೆ ಉರಿ ಆಮೇಲೆ ಪಡ್ಕಳ್ತೀನಿ!"

ಹೆಸರು ಹೇಳಿದಳು. ಮೂರು ತಾಲ್ಲೂಕಿನವರು ಒಟ್ಟಿಗೆ "ದುಗ್ಗಪ್ಪನ ಏರು" ಎಂದು ಕೂಗಿದಾಗ ಶೇಷಪ್ಪ ಬಾಯಿಂದ ಟವೆಲ್ಲು ತೆಗೆದು ಕಣ್ಣಿಗೆ ಒತ್ತಿಕೊಂಡ. ಮರುಗಳಿಗೆಯಲ್ಲೇ, "ಎಡಕ್ಕೆ ತಗ ಅಂದ್ರೆ ಬಲಕ್ಕೆ ತಗಂಡಳು, ಥೇಟ್ ಅವರಜ್ಜನೇ" ಎಂದು ನನ್ನ ಬೆನ್ನಿಗೊಂದು ಗುದ್ದಿದ. ಆ ಗುದ್ದು ಇನ್ನೂ ನೋಯುತ್ತದೆ, ನೋಯಲಿ.

ಹೆಸರನ್ನು ಬಂಡೆಯ ನೆತ್ತಿಯ ಮೇಲೆ ಬರೆಯಬೇಕು. ಗುತ್ಯಮ್ಮ ಎರಡು ಕರಟಗಳಲ್ಲಿ ಕೆಮ್ಮಣ್ಣು, ಬಿಳಿಮಣ್ಣು ಕಲಸಿ, ಪುಂಡಿನಾರಿನ ಕುಂಚ ಇಟ್ಟು, ಗೆದ್ದೇ ಬರುತ್ತಾಳೆಂದು ಮೊದಲೇ ಕಟ್ಟಿ ಕಳಿಸಿದ್ದಳು. ಮಳೆಗಾಲದಲ್ಲಿ ಹೊಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಹೋಗಲಿ, ಬೇಸಿಗೆಗೆ ಮತ್ತೆ ಹತ್ತಿಸಿ ಬರೆದರಾಯಿತು.

ಹೇಮಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕರಟದ ಗಂಟನ್ನು ಹೆಗಲಿಗೆ ಕಟ್ಟಿಕೊಂಡು ಬಂಡೆ ಹತ್ತತೊಡಗಿದಳು. ಲಾರಿ ತಡವರಿಸಿದ ಮೆಟ್ಟಿಲಿನ ಹತ್ತಿರವೇ ಅವಳ ಕಾಲೂ ಒಮ್ಮೆ ಜಾರಿತು. ಬಂಡೆಯ ಹಿಂದಿನಿಂದ ಆಗಲೇ ಮೇಲೆ ಹೋಗಿ ನಿಂತಿದ್ದ ಪೂರ್ಣೇಶ್ ಬಗ್ಗಿ ಕೈ ಚಾಚಿದ. "ಕೈ ಕೊಡಿ ಹೇಮಕ್ಕ, ಎಳ್ಕೊಳ್ತೀನಿ. ಈಗೆಂತ ನಿಯಮ ಇಲ್ಲಲ್ಲ."

ಅವಳು ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡೇ ತಲೆ ಎತ್ತಿ ನಕ್ಕಳು.

"ಕೈ ತೆಗಿ ಮಾರಾಯ. ನಾನು ಕಟ್ಟಿದ ಗಾಡಿ ಯಾರ ಕೈನೂ ಕೇಳ್ದೆ ಮೇಲೆ ಹೋಗಿ ಕೂತೈತೆ. ನಿನ್ನ ಕೈ ಹಿಡ್ಕಂಡು ಹತ್ತಿ, ಅದರ ಎದುರು ಯಾವ ಮೂತಿ ಇಟ್ಕಂಡು ಅಜ್ಜನ ಹೆಸರು ಬರೀಲಿ? ಜಾರಿದ್ರೆ ಜಾರ್ತೀನಿ, ಮತ್ತೆ ಹತ್ತುತೀನಿ. ಅತ್ಲಾಗ್ ಸರಿಯಾ, ದಾರಿ ಬಿಡು!"