ಚಾವಣಿಯ ಎಡಸುಳಿ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಮೇಲಕ್ಕೇ ಹೋಗುತ್ತೆ. ಕಾಫಿ ತಂದುಕೊಟ್ಟವರ ಮುಖ ನೋಡುವುದು ಆಮೇಲೆ. "ಏನಜ್ಜಾ, ಹಲ್ಲಿ ಹುಡುಕ್ತಿದ್ದೀಯಾ?" ಅಂತ ತಂಗಿಯ ಮೊಮ್ಮಕ್ಕಳು ಆಡಿಕೊಳ್ಳುತ್ತವೆ. ಆಡಿಕೊಳ್ಳಲಿ ಬಿಡಿ. ಹಾಸನ, ಹೊಳೆನರಸೀಪುರ, ಅರಕಲಗೂಡು ಅಂತ ಕರಣೆ ಹಿಡಿದು ಗಾರೆ ಬಳಿಯುತ್ತಾ ಆಯುಷ್ಯ ಸವೆಸಿದವನು ಮೇಲೆ ನೋಡದೆ ಇನ್ನೆಲ್ಲಿ ನೋಡಲಿ? ನಮ್ಮ ಕಸುಬಿನವರು ಚಾವಣಿಯ ಒಳಮೈ ನೋಡಿ "ಇದು ಯಾರ ಕೈ?" ಅಂತ ಕೇಳುತ್ತಾರೆ. ಒಬ್ಬೊಬ್ಬರ ಕೈ ಒಂದೊಂದು ಥರ. ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಈ ಪ್ರಶ್ನೆ ನನಗೂ ಬಿತ್ತು. ನಾನು ಕೊಟ್ಟ ಉತ್ತರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆ ಮನೆ ಕೊಬ್ಬರಿ ವ್ಯಾಪಾರದ ಯಜಮಾನರದು. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು ಅವರು ಹೊಸದಾಗಿ ತಾರಸಿ ಮನೆ ಕಟ್ಟಿಸಿದರು. ಮೈಸೂರಿನ ಯಾವುದೋ ಬಂಗಲೆಯಲ್ಲಿ ಚಾವಣಿಯ ಗಾರೆಯ ಮೇಲೆ ಅಲೆ ಅಲೆಯಾಗಿ ಏನೋ ಎದ್ದಿರುವುದನ್ನು ನೋಡಿ ಬಂದಿದ್ದರಂತೆ. "ಬರೀ ನುಣ್ಣಗೆ ಬಳಿದ್ರೆ ಬಿರುಕೆಲ್ಲಾ ಕಾಣುತ್ತೆ ಕಣಪ್ಪ. ನಮ್ಮ ಹುಡುಗ ಮಲಗೋ ಕೋಣೆಗೆ ಅಂಥದ್ದೇ ಮಾಡ್ಕೊಡು" ಅಂದರು. ಹುಡುಗ ಅಂದರೆ ಅವರ ಮಗ. ಅವನ ಮದುವೆ ಗೊತ್ತಾಗಿತ್ತು. ನಾನು ಆ ಅಲೆಯನ್ನು ಕಣ್ಣಲ್ಲೂ ಕಂಡವನಲ್ಲ. ಆದರೆ ಬರಲ್ಲ ಅನ್ನುವ ಜಾಯಮಾನ ನನ್ನದಲ್ಲವಲ್ಲ. "ಅದಕ್ಕೇನಂತೆ ಯಜಮಾನ್ರೇ" ಅಂದುಬಿಟ್ಟೆ.

ಕುಂಚದಲ್ಲಿ ಕುಟ್ಟಿ ನೋಡಿದೆ, ಗೋಣಿತಾಟು ಒತ್ತಿ ನೋಡಿದೆ. ಒಂದೂ ಸರಿಬರಲಿಲ್ಲ. ಗಾರೆ ಕಲಸಿ ಕೊಡುತ್ತಿದ್ದ ನನ್ನ ಹೆಂಡತಿ ಕೆಳಗೆ ನಿಂತು ನಗುತ್ತಿದ್ದಳು. "ಅದ್ಯಾಕಂಗೆ ಗುದ್ದಾಡ್ತೀರಾ? ಸಾರಣೆ ಮಾಡ್ದಂಗೆ ಮಾಡಿದ್ರೆ ಆಗಾಕಿಲ್ವಾ?" ಅಂದಳು. ಅವಳು ದಂಡಿಗನಹಳ್ಳಿ ಕಡೆಯವಳು. ಹಬ್ಬ ಬಂದರೆ ನೆಲಕ್ಕೂ ಗೋಡೆಗೂ ಸಗಣಿ ಸಾರಿಸುವಾಗ ಅಂಗೈ ಊರಿ ಒಂದು ಸುತ್ತು ತಿರುಗಿಸುತ್ತಿದ್ದಳು. ನಾಲ್ಕು ಬೆರಳಿನ ಗೆರೆ ಎದ್ದು ತಟ್ಟೆಯಗಲದ ಸುಳಿ ಮೂಡುತ್ತಿತ್ತು. ಒಂದಕ್ಕೊಂದು ತಾಗಿ ಸಾಲಾಗಿ ಸುಳಿ. ನೋಡೋಕೆ ಅಂತಲೇ ಓಣಿಯ ಹೆಂಗಸರು ಬರುತ್ತಿದ್ದರು. ಹೆಂಗಸು ಸಾರುವೆ ಹತ್ತುವುದು ನಮ್ಮಲ್ಲಿ ರೂಢಿ ಇರಲಿಲ್ಲ. ಆದರೂ ಸೀರೆ ಕಚ್ಚೆ ಹಾಕಿಕೊಂಡು ಬೊಂಬು ಕಟ್ಟಿದ ಆ ಅಟ್ಟಣೆಯನ್ನು ಹತ್ತೇಬಿಟ್ಟಳು. ನಾನು ಮುಂದೆ ಮುಂದೆ ಗಾರೆ ಬಳಿಯುತ್ತಾ ಹೋಗುವುದು, ಅದು ಹಸಿ ಇರುವಾಗಲೇ ಅವಳು ಹಿಂದಿನಿಂದ ಸುಳಿ ಎಳೆಯುತ್ತಾ ಬರುವುದು. ಮೊದಲ ಸಾಲು ಮುಗಿದಾಗ ಯಜಮಾನರು ಕೆಳಗೆ ನಿಂತು "ಭೇಷ್!" ಅಂದರು. ನನಗೇ ಅಂದರು ಅಂತ ನಾನು ಎದೆಯುಬ್ಬಿಸಿದೆ. ನಾಚಿಕೆಗೆಟ್ಟವನು.

ಇಲ್ಲೊಂದು ವಿಷಯ ಹೇಳಬೇಕು. ಸುಟ್ಟ ಸುಣ್ಣವನ್ನು ನೀರಿನ ಗುಂಡಿಗೆ ಹಾಕಿದ ಮೇಲೆ ತಿಂಗಳಾದರೂ ಬಿಡಬೇಕು. ಒಳಗಿನ ಹರಳೆಲ್ಲ ಅರಳಿ, ಅದರ ಕಾವು ಇಳಿದು, ಬೆಣ್ಣೆಯಾಗಬೇಕು. ಸುಣ್ಣ ಬೇಯುವುದು ಅಂದರೆ ಇದೇ. ನನಗೆ ಈ ಪಾಠ ಹೇಳಿದ್ದು ನಮ್ಮಪ್ಪ, ಅದೂ ಬೆನ್ನಿಗೆ ಬಾರಿಸಿ ಹೇಳಿದ್ದು. ಆದರೆ ಗೃಹಪ್ರವೇಶ ಮುಂದಿನ ಸೋಮವಾರ ಅಂತ ಯಜಮಾನರು ಅವಸರ ಮಾಡಿದರು. ತಡವಾದರೆ ಹೊಳೆನರಸೀಪುರದ ಇನ್ನೊಬ್ಬ ಗಾರೆಯವನನ್ನು ಕರೆಸುತ್ತೇನೆ ಅಂತಲೂ ಅಂದರು. ನನಗೆ ಉರಿದುಹೋಯಿತು. ಒಂಬತ್ತೇ ದಿನ ನೆಂದ ಸುಣ್ಣವನ್ನು ಎತ್ತಿ ಮರಳು ಸೇರಿಸಿ ಅರೆಸಿಬಿಟ್ಟೆ.

ಅರ್ಧ ಚಾವಣಿ ಮುಗಿಯುವ ಹೊತ್ತಿಗೆ ಹಿಂದಿನಿಂದ ಅವಳ ದನಿ ಬಂತು. "ನೋಡಿ ಇಲ್ಲಿ, ಕೈ ಯಾಕೋ ಉರೀತದೆ." ನಾನು ತಿರುಗಿ ನೋಡಿದೆ. ಬಲಗೈ ಬೆರಳುಗಳು ಕೆಂಪಗೆ ಬಾತಿದ್ದವು. ಅಂಗೈಯ ಚರ್ಮ ಎದ್ದಿತ್ತು. ಬಾಂಡ್ಲಿ ತುಂಬ ಗಾರೆ ಕಾಯುತ್ತಿತ್ತು, ನಾನು ಬಳಿದದ್ದು ಒಣಗುತ್ತಿತ್ತು. ಆಗ ನನ್ನ ಬಾಯಲ್ಲಿ ಬಂದ ಮಾತು ಇದು: "ಇನ್ನೊಂದು ಕೈ ಐತಲ್ಲ."

ಅವಳು ಎಡಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಉಳಿದರ್ಧ ಮುಗಿಸಿದಳು. ಬಲಗೈ ಸುಳಿ ಬಲಕ್ಕೆ ಸುತ್ತಿದ್ದರೆ ಎಡಗೈ ಸುಳಿ ಎಡಕ್ಕೆ ಸುತ್ತಿತು. ನಾನು ಅದನ್ನು ಗಮನಿಸಲೂ ಇಲ್ಲ, ಯಾರೂ ಗಮನಿಸಲಿಲ್ಲ. ಗೃಹಪ್ರವೇಶದ ದಿನ ಯಜಮಾನರ ತಾಯಿ, ಆ ಮನೆಯ ದೊಡ್ಡಮ್ಮೋರು, ನನ್ನ ಹೆಂಡತಿಯನ್ನು ಕರೆದು ಮಡಿಲು ತುಂಬಿದರು. ಕೈಗೆ ಯಾಕೆ ಬಟ್ಟೆ ಸುತ್ತಿದ್ದೀಯ ಅಂತ ಕೇಳಿದ್ದಕ್ಕೆ ಅವಳು "ಒಲೆ ಉರಿ ತಾಕ್ತು ಅವ್ವಾ" ಅಂದಳು. ನನ್ನ ಕಡೆ ನೋಡಲೇ ಇಲ್ಲ.

ಬೇಯದ ಸುಣ್ಣ ಸುಮ್ಮನಿರುತ್ತದೆಯೇ? ಅರಳದ ಹರಳು ಗಾರೆಯೊಳಗೆ ಉಳಿದರೆ ತೇವ ಕುಡಿದು ಹಿಗ್ಗಿ ಯಾವತ್ತೋ ಒಂದು ದಿನ ಪಟಕ್ಕನೆ ಸಿಡಿಯುತ್ತೆ. ಎರಡು ಮಳೆಗಾಲ ಕಳೆಯುವುದರೊಳಗೆ ಅಲ್ಲಲ್ಲಿ ಕಡಲೆಕಾಳಿನಷ್ಟು ಗುಳಿ ಬಿದ್ದವು. ನಾವಿಬ್ಬರೂ ಹೋಗಿ ತೇಪೆ ಹಾಕಿದೆವು. ಆವಾಗ ನಡುವಿನ ಸಾಲಿನ ಹತ್ತಿರ ಅವಳು ನನ್ನನ್ನು ಬಿಡಲಿಲ್ಲ. "ಇದನ್ನ ನಾನೇ ನೋಡ್ಕತೀನಿ, ಆ ಕಿಟಕಿ ಕಡೆ ಓಗಿ ನೀವು" ಅಂತ ಅಟ್ಟಿದಳು. ನನ್ನ ಮೇಲೆ ಯಜಮಾನಿಕೆ ಮಾಡ್ತಾಳೆ ಅಂತ ಗೊಣಗಿಕೊಂಡು ಹೋದೆ.

ಆಮೇಲೆ ಒಂದು ಬೇಸಿಗೆ ನಾನು ಅರಕಲಗೂಡಿನಲ್ಲಿ ಕೆಲಸಕ್ಕಿದ್ದಾಗ ಅವಳಿಗೆ ಜ್ವರ ಬಂತು. ಸುದ್ದಿ ತಿಳಿದು ಹಾಸನ ಸೇರುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಮಗೆ ಮಕ್ಕಳಿರಲಿಲ್ಲ. ಜ್ವರಕ್ಕೂ ಸುಣ್ಣಕ್ಕೂ ಏನೂ ಸಂಬಂಧ ಇಲ್ಲ, ಅದು ನನಗೂ ಗೊತ್ತು. ಗೊತ್ತಿದ್ದು ಏನು ಬಂತು?

ಯುದ್ಧದ ಕಾಲದಲ್ಲಿ, ಸೀಮೆಎಣ್ಣೆಗೂ ಪರದಾಡುತ್ತಿದ್ದ ವರ್ಷ, ಯಜಮಾನರ ಮನೆಯಿಂದ ಮತ್ತೆ ಕರೆ ಬಂತು. ಆ ಕೋಣೆಯಲ್ಲಿ ಸೊಸೆಗೆ ಎರಡು ಮಕ್ಕಳು ಹುಟ್ಟಿ, ಎರಡೂ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಎರಡನೆಯದು ತೀರಿಕೊಂಡ ವಾರವೇ ಚಾವಣಿಯಿಂದ ಒಂದು ಚಕ್ಕೆ ಸಿಡಿದು ಬರಿದು ತೊಟ್ಟಿಲಿಗೆ ಬಿತ್ತಂತೆ. ಆವಾಗ ದೊಡ್ಡಮ್ಮೋರು ತಲೆಯೆತ್ತಿ ನೋಡಿದ್ದಾರೆ. ಅರ್ಧ ಬಲಸುಳಿ, ಅರ್ಧ ಎಡಸುಳಿ. ನಮ್ಮ ಕಡೆ ಎತ್ತು ಕೊಳ್ಳುವಾಗ ಸುಳಿ ನೋಡದೆ ಹಗ್ಗ ಹಿಡಿಯುವವರಿಲ್ಲ. ಕೆಟ್ಟ ಸುಳಿಯ ಎತ್ತನ್ನು ಪುಕ್ಕಟೆ ಕೊಟ್ಟರೂ ಕೊಟ್ಟಿಗೆಗೆ ಸೇರಿಸುವುದಿಲ್ಲ. ಅಂಥವರ ಮನೆಯಲ್ಲಿ ಹೆತ್ತವಳ ಮಂಚದ ಮೇಲೆ, ಅಪ್ರದಕ್ಷಿಣೆ ಸುತ್ತಿದ ಸುಳಿ!

"ಯಾರ ಕೈಯಪ್ಪ ಇದು?" ಅಂತ ಕೇಳಿದರು ದೊಡ್ಡಮ್ಮೋರು. ಅಳು ಬತ್ತಿಹೋದ ದನಿ. ಸೊಸೆ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

"ನಮ್ಮೋಳ್ದು" ಅಂದೆ.

"ಅರ್ಧ ಯಾಕೆ ಇಂಗೆ ಮಾಡಿದ್ಲು?"

ಆಗಲೇ ಹೇಳಬೇಕಾಗಿತ್ತು. ನನ್ನ ಸುಣ್ಣ ಹಸಿಯಾಗಿತ್ತು, ಅವಳ ಕೈ ಸುಟ್ಟಿತ್ತು, ಇನ್ನೊಂದು ಕೈಯಲ್ಲಿ ಮಾಡು ಅಂದವನು ನಾನು ಅಂತ. ಹಾಗಂದರೆ ಬಾಗೂರಿನಿಂದ ಹಾಸನದವರೆಗೆ ನನ್ನನ್ನು ಇನ್ಯಾರು ಕೆಲಸಕ್ಕೆ ಕರೆಯುತ್ತಾರೆ? ಗಾರೆಯವನಿಗೆ ಸುಣ್ಣ ಬೇಯಿಸೋಕೆ ಬರಲ್ಲ ಅನ್ನುವುದಕ್ಕಿಂತ ದೊಡ್ಡ ಅವಮಾನ ಉಂಟೇ? ಹೇಗೂ ಅವಳು ಹೋಗಿದ್ದಾಳೆ ಅಂತ ಮನಸ್ಸಿಗೆ ಬಂತು. ನಿಜವಾಗಿ ಬಂತು, ಸುಳ್ಳು ಹೇಳಲಾರೆ.

"ಅವಳಿಗೆ ಎಡಗೈ ಅಭ್ಯಾಸ ಇತ್ತು ಅಮ್ಮೋರೇ" ಅಂದೆ.

ದೊಡ್ಡಮ್ಮೋರು ಎದೆಗೆ ಹೊಡೆದುಕೊಂಡರು. "ಅಯ್ಯೋ ಎಡಚೀ! ನಿನ್ನ ಮಡಿಲು ತುಂಬಿದ್ದೆನಲ್ಲೇ! ನನ್ನ ಮನೆ ತೊಟ್ಟಿಲು ಬರಿದು ಮಾಡ್ದೆಯಲ್ಲೇ!" ನಾನು ತಲೆ ತಗ್ಗಿಸಿ ನಿಂತೆ. ಅವತ್ತು ಸಂಜೆಯೊಳಗೆ ಪೇಟೆ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಕಾಫಿ ಹೋಟೆಲಿನಲ್ಲಿ ಒಬ್ಬ ನನ್ನ ಮುಖಕ್ಕೇ ಕೇಳಿದ, "ನಿನ್ನ ಎಂಡ್ರು ಎಡಚಿಯಂತೆ, ಹೌದಾ?" ಅಂತ. ಹೂಂ ಅಂದೆ.

ಮಾರನೆಯ ದಿನ ಸಾರುವೆ ಕಟ್ಟಿ ಎಡಸುಳಿಯ ಅರ್ಧವನ್ನು ಕೆರೆದೆ. ಗಾರೆ ಕೆರೆಯುವುದು ಸುಲಭದ ಕೆಲಸವಲ್ಲ. ನೀರು ಚಿಮುಕಿಸಿ, ಉಳಿ ಓರೆ ಹಿಡಿದು, ಚಕ್ಕೆ ಚಕ್ಕೆಯಾಗಿ ಎಬ್ಬಿಸಬೇಕು. ಧೂಳೆಲ್ಲ ಕಣ್ಣಿಗೆ, ಬಾಯಿಗೆ. ಅವಳ ಕೈ ಚೂರು ಚೂರಾಗಿ ನನ್ನ ಮುಖದ ಮೇಲೇ ಉದುರಿತು. ಕೆಲಸ ಮುಗಿಸಿ ಕೆಳಗಿಳಿದು, ಕತ್ತು ನೋವಿಗೆ ತಲೆ ಹಿಂದಕ್ಕೆ ಚೆಲ್ಲಿ, ಉಳಿದ ಬಲಸುಳಿಗಳನ್ನು ನೋಡುತ್ತಾ ನಿಂತೆ. ನೋಡುತ್ತಾ ನೋಡುತ್ತಾ ಅದು ಸುತ್ತಿದ ಕಡೆಗೆ ನನ್ನ ಕಾಲೂ ತಿರುಗಿತು. ಗುಡಿ ಸುತ್ತುವವನು ಬಲಕ್ಕೆ ತಿರುಗಬೇಕಲ್ಲ? ನಾನು ಎಡಕ್ಕೆ ತಿರುಗಿದ್ದೆ. ಮತ್ತೆ ಸುತ್ತಿ ನೋಡಿದೆ. ಎಡಕ್ಕೇ! ತೆಳು ಬಟ್ಟೆಯ ಮೇಲೆ ಬಲಕ್ಕೆ ಸುತ್ತಿದ ರಂಗೋಲಿ ಬಿಟ್ಟು, ಅದೇ ಬಟ್ಟೆಯನ್ನು ಮೇಲೆತ್ತಿ ಅಡಿಯಿಂದ ನೋಡಿ. ಅದು ಎಡಕ್ಕೆ ಸುತ್ತಿರುತ್ತೆ. ಚಾವಣಿಯ ಕಥೆಯೂ ಅಷ್ಟೇ. ಮಂಚದ ಸುತ್ತ ನಡೆಯುವವರಿಗೆ ಪ್ರದಕ್ಷಿಣೆಯಾಗಿದ್ದದ್ದು ಅವಳ ಎಡಗೈ ಸುಳಿ. ನಾನು ಕೆರೆದು ಬುಟ್ಟಿಗೆ ತುಂಬಿದ್ದೇ ಒಳ್ಳೆಯ ಸುಳಿ.

ನನಗೆ ಎಲ್ಲಿಲ್ಲದ ಖುಷಿಯಾಯಿತು. ಸುಣ್ಣದ ಮಾತೆತ್ತದೆಯೇ ಅವಳ ಮೇಲಿನ ಅಪವಾದ ತೊಳೆಯಬಹುದಲ್ಲ! ದೊಡ್ಡಮ್ಮೋರನ್ನು ಕರೆತಂದು ಸುಳಿಯ ಕೆಳಗೆ ನಿಲ್ಲಿಸಿ ಸುತ್ತಿ ತೋರಿಸಿದೆ. ಅವರೂ ಗೋಡೆ ಹಿಡಿದುಕೊಂಡು ಮೇಲೆ ನೋಡುತ್ತಾ ಒಂದು ಸುತ್ತು ಬಂದರು.

"ಅಂದ್ರೆ ಕೆರೆದಿದ್ದು ಒಳ್ಳೇದು, ಉಳ್ದಿರೋದು ಕೆಟ್ಟದ್ದು ಅಂತೀಯಾ?"

"ಹೂಂ ಅಮ್ಮೋರೇ."

"ಮತ್ತೆ ನಿಂತ್ಕಂಡು ಏನ್ ನೋಡ್ತಿದ್ದೀಯ? ಅದನ್ನೂ ಕೆರಿ."

ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳ!

ಮಾರನೆಯ ದಿನ ಆ ಅರ್ಧಕ್ಕೆ ಉಳಿ ಹಿಡಿದೆ. ಅವಳು ಶುರುಮಾಡಿದ್ದ ಮೂಲೆಯಿಂದಲೇ ಶುರುಮಾಡಿ, ಅವಳು ಬಂದ ದಾರಿಯಲ್ಲೇ ಬಂದೆ. ಕೆಳಗಿನಿಂದ ನೋಡಿದರೆ ಎಲ್ಲ ಸುಳಿಯೂ ಒಂದೇ. ಮೂಗಿನ ನೇರಕ್ಕೆ ಬಂದಾಗ ತಾನೇ ಗೆರೆ ಎಣಿಸೋಕಾಗುವುದು. ಮೊದಲ ಸಾಲುಗಳಲ್ಲಿ ಒಂದೊಂದು ಸುಳಿಗೂ ನಾಲ್ಕು ಗೆರೆ, ನಾಲ್ಕು ಬೆರಳು. ನಡುವಿನ ಕಡೆ ಬರುತ್ತಿದ್ದಂತೆ ಒಂದು ಸಾಲಿನಲ್ಲಿ ಮೂರೇ ಗೆರೆ. ಗಾರೆ ಉದುರಿದೆ ಅಂದುಕೊಂಡು ಬೆರಳಾಡಿಸಿ ನೋಡಿದೆ. ಉದುರಿರಲಿಲ್ಲ. ಮುಂದಿನ ಸಾಲೂ ಮೂರು. ಅದರ ಮುಂದಿನ ಸಾಲು ಬಲಗೈಯ ಕೊನೆಯದು. ಅದರಲ್ಲಿ ಎರಡೇ ಗೆರೆ.

ಉಳಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನನ್ನನ್ನು ಕರೆದು "ಕೈ ಉರೀತದೆ" ಅನ್ನುವ ಮೊದಲೇ ಅವಳು ಮೂರು ಸಾಲು ಸುಟ್ಟ ಕೈಯಲ್ಲೇ ಎಳೆದಿದ್ದಳು. ಒಂದು ಬೆರಳು ಬೆಂದಾಗ ಅದನ್ನು ಎತ್ತಿಕೊಂಡು ಮೂರರಲ್ಲಿ, ಮತ್ತೊಂದು ಬೆಂದಾಗ ಎರಡರಲ್ಲಿ. ಎರಡೂ ಆಗದಾದಾಗ ಬಾಯಿಬಿಟ್ಟಿದ್ದಳು. ನಾನು ಮುಂದೆ ಮುಂದೆ ಬಳಿಯುತ್ತಿದ್ದೆ. ಹಿಂದೆ ತಿರುಗಿ ನೋಡಿರಲಿಲ್ಲ. ತೇಪೆ ಹಾಕಲು ಬಂದಾಗ ಈ ಸಾಲನ್ನೇ ನನ್ನಿಂದ ಮರೆಮಾಡಿದ್ದಳು.

ಸಾರುವೆಯ ಮೇಲೆ ಕೂತು ಹೋ ಅಂತ ಅತ್ತುಬಿಟ್ಟೆ. ದೊಡ್ಡಮ್ಮೋರೂ ಸೊಸೆಯೂ ಓಡಿಬಂದರು. ಎಲ್ಲ ಹೇಳಿದೆ. ಒಂಬತ್ತು ದಿನದ ಸುಣ್ಣ, ಬಾತ ಕೈ, ನಾನು ಅಂದ ಮಾತು, ಹೇಳಿದ ಸುಳ್ಳು. "ಅವಳು ಎಡಚಿ ಅಲ್ಲ ಅಮ್ಮೋರೇ. ನೋಡಿ ಇಲ್ಲಿ, ಮೂರು ಗೆರೆ. ಇಲ್ಲಿ ಎರಡು." ಗೋಡೆಯ ಕನ್ನಡಿ ಇಳಿಸಿ, ಕಿಟಕಿಯ ಬಿಸಿಲನ್ನು ಅದರಿಂದ ಮೇಲಕ್ಕೆ ಹಾಯಿಸಿ ತೋರಿಸಿದೆ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ದೊಡ್ಡಮ್ಮೋರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ಮೊನ್ನೆ ಇದನ್ನ ಏಳಿದ್ರೆ ನಾನು ಶಾಪ ಆಕ್ತಿದ್ದುದು ನಿಂಗೆ ಕಣಪ್ಪಾ. ಸತ್ತೋಳಿಗೆ ಆಕಿಸ್ದೆಯಲ್ಲ" ಅಂದರು. ಆಮೇಲೆ ಕೇಳಿದರು, "ಅವಳ ಎಸರೇನು?" ಹೆಂಡತಿಯ ಹೆಸರು ಹಿಡಿದು ಕರೆದು ನನಗೆ ಅಭ್ಯಾಸವಿಲ್ಲ. ಹೇಳಿದೆ. ಅವರು ಮೇಲೆ ನೋಡುತ್ತಾ ಆ ಹೆಸರನ್ನು ಎರಡು ಸಲ ಕರೆದು, "ತಪ್ಪಾಯ್ತು ಕಣೆ ಮಗಳೇ" ಅಂದರು.

"ಎಲ್ಲಾನೂ ಕೆರೀಬ್ಯಾಡ" ಅಂತ ನನಗೆ ಹೇಳಿದರು. "ಆ ಎರಡು ಗೆರೆ ಸಾಲು ಅಂಗೇ ಇರ್ಲಿ. ಬಂದಾಗೆಲ್ಲಾ ನೋಡು."

ಸುತ್ತ ನುಣ್ಣಗೆ ಗಾರೆ ಬಳಿದು ನಡುವಿನ ಆ ಒಂದು ಸಾಲನ್ನು ಉಳಿಸಿದೆ. ಈ ಸಲ ಸುಣ್ಣವನ್ನು ಎರಡು ತಿಂಗಳು ನೆನೆಹಾಕಿದ್ದೆ. ಮಾರನೆಯ ವರ್ಷ ಆ ಮನೆಯಲ್ಲಿ ಮಗು ಹುಟ್ಟಿತು, ಉಳಿಯಿತು. ಒಳ್ಳೆಯದಾಯಿತು. ಊರವರು ಮಾತ್ರ ನನ್ನ ಕೈಗುಣ ಅಂದರು. ನನ್ನ ಕೈಗುಣವಂತೆ! ನಾಮಕರಣಕ್ಕೆ ಕರೆ ಬಂತು. ಹೋಗಲಿಲ್ಲ. ಆ ಮನೆಯ ಹೊಸಿಲು ಮತ್ತೆ ತುಳಿಯಲಿಲ್ಲ.

ಹೋಗದಿದ್ದರೇನು? ಮಧ್ಯಾಹ್ನ ಊಟವಾಗಿ ಒಂದಿಷ್ಟು ಅಡ್ಡಾಗೋಣ ಅಂತ ಚಾಪೆ ಹಾಸಿದರೆ, ನಮ್ಮ ಮನೆಯ ಬರೀ ಬಿಳಿ ಚಾವಣಿಯಲ್ಲೂ ಸಾಲು ಮೂಡುತ್ತವೆ. ನಾಲ್ಕು ಗೆರೆ, ಮೂರು ಗೆರೆ, ಎರಡು ಗೆರೆ. ಅಷ್ಟಕ್ಕೇ ನಿಲ್ಲಲಿ ಅಂತ ಕಣ್ಣು ಮುಚ್ಚುತ್ತೇನೆ. ನಿಲ್ಲುವುದಿಲ್ಲ. ಹಿಂದಿನಿಂದ ಅವಳು ಕೈ ಉರೀತದೆ ಅನ್ನುತ್ತಾಳೆ, ನಾನು ಇನ್ನೊಂದು ಕೈ ಐತಲ್ಲ ಅನ್ನುತ್ತೇನೆ.